ದೊಣೆ ಈರಣ್ಣ ನನ್ನನ್ನು ದಾರಿ ತಪ್ಪಿಸಿದ್ದು

ಕೋತಿ ದಾರಿ ತೋರಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದವಾನಿಯಲ್ಲಿ ಈಗ ನಮ್ಮ ಕಥೆಯಲ್ಲಿ ಒಂದು ಕೋತಿ ಸೇರಿಕೊಂಡಿದೆ. ಅದು ನನ್ನ ಸೆರಗು ಹಿಡಿದು ಎಳೆಯಿತಂತೆ. ನಾನು ಅವತ್ತು ಸೀರೆಯನ್ನೇ ಉಟ್ಟಿರಲಿಲ್ಲ. ಬಂಡೆಯ ಮೇಲೆ ಒಂದು ಕೋತಿ ಕೂತಿದ್ದು ನಿಜವಿರಬಹುದು, ಗುಡ್ಡ ಎಂದ ಮೇಲೆ ಕೋತಿ ಇರುತ್ತದೆ. ನಡೆದದ್ದು ನೆನಪಿರುವಷ್ಟು ಬರೆಯುತ್ತೇನೆ. ನೆನಪಿಲ್ಲದ ಕಡೆ ನೆನಪಿಲ್ಲ ಎಂದೇ ಬರೆಯುತ್ತೇನೆ. ಸ್ವಾಮಿಯ ಮಹಿಮೆಗೆ ನನ್ನ ಒಗ್ಗರಣೆ ಬೇಡ.

ನನ್ನ ತಂಗಿ ಶಶಿ ಇರುವುದು ಆಸ್ಪರಿಯಲ್ಲಿ. ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್. ಊಟ ತಡವಾದರೆ, ದಣಿವು ಜಾಸ್ತಿಯಾದರೆ, ಸಕ್ಕರೆ ದಬಕ್ಕನೆ ಇಳಿಯುತ್ತದೆ. ಬೆವರು, ನಡುಕ, ಆಮೇಲೆ ಮಾತು ತಪ್ಪುತ್ತದೆ. ಅದಕ್ಕೇ ಸೊಂಟಕ್ಕೊಂದು ಗುಲಾಬಿ ಚೀಲ, ಅದರಲ್ಲಿ ಗ್ಲೂಕೋಸ್. ಇಷ್ಟಿದ್ದರೂ ಓಡುವುದೆಂದರೆ ಆಕೆಗೆ ಹುಚ್ಚು. ಆ ಹುಚ್ಚು ನನಗೂ ಹತ್ತಿಸಿದ್ದು ಆಕೆಯೇ. ಹೋದ ಶ್ರಾವಣದಲ್ಲಿ ನಮ್ಮೂರು ಆದವಾನಿಯ ಓಟಗಾರರು ಗುಡ್ಡದ ಸುತ್ತೋಟ ಇಟ್ಟುಕೊಂಡಾಗ ಇಬ್ಬರೂ ಹೆಸರು ಕೊಟ್ಟೆವು. ಕೋಟೆಯ ಬುಡದಿಂದ ಹತ್ತಿ, ಮೂರು ಬಂಡೆ ನೆತ್ತಿಗಳನ್ನು ಒಂದರ ಹಿಂದೆ ಒಂದು ದಾಟಿ, ಹಿಂಬದಿಯಿಂದ ಸುತ್ತಿ ಹೊರಟಲ್ಲಿಗೇ ಬರಬೇಕು. ದಾರಿ ಎಂದರೆ ದಾರಿಯಲ್ಲ. ಆನೆಯಂಥ ಬಂಡೆಗುಂಡುಗಳ ನಡುವೆ ತೆವಳುವುದು, ಜಾರುವ ಬಂಡೆಯನ್ನು ಅಂಗೈ ಊರಿ ಹತ್ತುವುದು. ಗುರುತಿಗೆ ಗಿಡಗಳಿಗೆ ಹಳದಿ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದರು.

ಬೆಳಿಗ್ಗೆ ಹೊರಡುವಾಗ ನಮ್ಮ ಅತ್ತೆ ಒಂದು ಬಟ್ಟೆಯ ಗಂಟು ಕೊಟ್ಟರು.

"ಬೆಲ್ಲ ಪುಟಾಣಿ ಐತಿ. ದೊಣೆ ಈರಣ್ಣಗ ಮೀಸಲು. ಓಟ ಮುಗಿಸಿ ಮೆಟ್ಲು ಹತ್ತಿ ಕೊಟ್ಟು ಬಾ."

"ಮುಗಿಸಿದ ಮ್ಯಾಲೆ ಮತ್ತ ಹತ್ತಬೇಕೇನ್ರಿ ಅತ್ತಿ?"

"ಪ್ಯಾಂಟು ಹಾಕ್ಕಂಡು ಮೂರು ಗುಡ್ಡ ಹತ್ತಾಕಿಗೆ ಮೆಟ್ಲು ಭಾರ ಆತೇನು? ನಡುವ ಬಿಚ್ಚಿ ತಿಂದುಗಿಂದೀ ಮತ್ತ."

ಮೀಸಲು ಎಂದರೆ ನಮ್ಮ ಮನೆಯಲ್ಲಿ ಅದೇ ಕಟ್ಟುಪಾಡು. ಸ್ವಾಮಿಗೆ ಏರುವ ತನಕ ಒಂದು ಹುರಿಗಡಲೆ ಕಾಳು ಬಾಯಿಗೆ ಹಾಕುವಂತಿಲ್ಲ, ವಾಸನೆ ಕೂಡ ನೋಡುವಂತಿಲ್ಲ. ದೊಣೆ ಈರಣ್ಣನ ಗುಡಿ ನಡುವಿನ ನೆತ್ತಿಯ ಮಗ್ಗುಲಲ್ಲಿದೆ. ಬಂಡೆಯಲ್ಲಿ ಮಳೆನೀರು ನಿಲ್ಲುವ ಒಂದು ದೊಣೆ, ಅದರ ದಂಡೆಗೆ ಆಳೆತ್ತರವೂ ಇಲ್ಲದ ಗುಡಿ. ಊರ ಕಡೆಯಿಂದ ಮೆಟ್ಟಿಲಿವೆ. ಓಟದ ದಾರಿ ಅತ್ತ ಹೋಗುವುದಿಲ್ಲ. ಗಂಟು ಸೊಂಟಕ್ಕೆ ಕಟ್ಟಿಕೊಂಡೆ. ಓಡುವಾಗ ಅದು ಹೆಜ್ಜೆಗೊಂದು ಸಲ ತೊಡೆಗೆ ಬಡಿಯುತ್ತಿತ್ತು. ಸ್ವಾಮಿಯನ್ನು ಬಿಟ್ಟು ಬೆಲ್ಲವನ್ನು ಬೈದುಕೊಂಡೆ.

ಶಶಿ ಮೊದಲ ನೆತ್ತಿಯಲ್ಲೇ ನನ್ನನ್ನು ಹಿಂದೆ ಹಾಕಿದಳು. "ಅಕ್ಕ, ನಿಧಾನಕ್ಕ ಬಾ, ಚಾ ಕಾಸಿಟ್ಟಿರ್ತೀನಿ" ಎಂದು ಕೂಗಿ ಬಂಡೆಯ ಆಚೆ ಇಳಿದಳು. ತುಂತುರು ಹನಿಯುತ್ತಿತ್ತು. ನಡುವಿನ ನೆತ್ತಿಗೆ ಮುಂಚೆ ಎರಡು ಗುಂಡುಗಳ ಸಂದಿಯಲ್ಲಿ ತೆವಳಿ ಹೋಗುವ ಜಾಗವಿದೆ. ಅಲ್ಲಿ ತಲೆ ತಗ್ಗಿಸಿದಾಗ ನನಗೆ ಕೆಳಗಿನ ಬಿರುಕಿನಲ್ಲಿ ಗುಲಾಬಿ ಬಣ್ಣ ಕಂಡಿತು. ಶಶಿಯ ಚೀಲ. ತೆವಳುವಾಗ ಕೊಂಡಿ ಬಿಚ್ಚಿ ಜಾರಿದೆ. ಭುಜದವರೆಗೆ ಕೈ ಇಳಿಸಿದೆ, ಸಿಗಲಿಲ್ಲ. ಕೋಲು ಹುಡುಕಿದೆ, ಕೋಲೂ ಸಾಲಲಿಲ್ಲ.

ಅಲ್ಲಿಂದ ಮುಂದಿನದು ನನ್ನ ತಲೆಯಲ್ಲಿ ಸಾಲಾಗಿ ಇಲ್ಲ. ಓಡಿದೆ. ಫೋನಿಗೆ ಸಿಗ್ನಲ್ ಇರಲಿಲ್ಲ. ಹಳದಿ ಕಂಡಲ್ಲೆಲ್ಲ ಅದನ್ನೇ ಹಿಡಿದು ಓಡಿದೆ. ಹೆಸರು ಹಿಡಿದು ಕೂಗಿದೆ ಎಂದುಕೊಂಡಿದ್ದೇನೆ. ಎಷ್ಟು ದೂರವೋ ತಿಳಿಯದು. ಒಂದು ಏರಿನಲ್ಲಿ ಜಾರಿ, ಹಳದಿ ಕಟ್ಟಿದ್ದ ಗಿಡವನ್ನೇ ಹಿಡಿದುಕೊಂಡೆ. ಕೈ ಬಿಟ್ಟಾಗ ಅಂಗೈ ಹಳದಿಯಾಗಿತ್ತು.

ಪ್ಲಾಸ್ಟಿಕ್ ಬಣ್ಣ ಬಿಡುವುದಿಲ್ಲ. ಮೂಸಿ ನೋಡಿದೆ. ಅರಿಶಿಣ.

ಅದು ಓಟದ ಪಟ್ಟಿಯಲ್ಲ, ಯಾರೋ ಕಟ್ಟಿದ ಹರಕೆಯ ಬಟ್ಟೆ. ಹಿಂದೆ ನೋಡಿದರೆ ಉದ್ದಕ್ಕೂ ಬಟ್ಟೆಯ ಚೂರುಗಳೇ. ನಾನು ಎಲ್ಲೋ ಕವಲಿನಲ್ಲಿ ತಪ್ಪಿ ಗುಡಿಯ ಕಡೆ ಬಂದಿದ್ದೆ. ಶಶಿ ಆ ಕಡೆ, ಸರಿಯಾದ ದಾರಿಯಲ್ಲಿ, ಕೈಯಲ್ಲಿ ಒಂದು ಚಿಟಿಕೆ ಸಕ್ಕರೆಯೂ ಇಲ್ಲದೆ ಓಡುತ್ತಿದ್ದಾಳೆ. ನಾನು ಈ ಕಡೆ. ತಿರುಗಿ ಕವಲಿಗೆ ಹೋಗುವಷ್ಟರಲ್ಲಿ ಆಕೆ ಯಾವ ಬಂಡೆಯ ಹಿಂದೆ ಬಿದ್ದಿರುತ್ತಾಳೋ. ಅಲ್ಲೇ ಕೂತೆ. ಎದುರಿಗೆ ಒಂದೇ ಬಂಡೆ ಅಡ್ಡ, ಅದರಾಚೆ ಗುಡಿ. ಸಿಟ್ಟು ಬಂತು.

"ನಿನ್ನ ಬೆಲ್ಲ ನಿನಗ ಒಗದು ಹೊಕ್ಕೀನಿ. ನನ್ನ ತಂಗೀನ ನನಗ ಕೊಡು."

ಇದನ್ನು ಆಗಲೇ ಹೇಳಿದೆನೋ, ಆಮೇಲೆ ಜನಕ್ಕೆ ಹೇಳುತ್ತ ಹೇಳುತ್ತ ಕಟ್ಟಿಕೊಂಡೆನೋ, ಆಣೆ ಮಾಡಲಾರೆ. ಮರುದಿನ ಗಂಟಲು ಕಟ್ಟಿತ್ತು, ಆದ್ದರಿಂದ ಏನೋ ಒಂದು ಕೂಗಿದ್ದೇನೆ. ಪ್ರಾರ್ಥನೆ ಎಂದರೆ ಅದೇ. ಕೈ ಮುಗಿದಿರಲಿಲ್ಲ, ಗಂಟನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಹಾಗೇ ಬಂಡೆ ಹತ್ತಿ ಇಳಿದೆ.

ದೊಣೆಯ ದಂಡೆಯಲ್ಲಿ, ಗುಡಿಯ ಗೋಡೆಗೆ ಒರಗಿ ಶಶಿ ಕೂತಿದ್ದಳು.

ಮುಖವೆಲ್ಲ ಬೆವರು, ಕೈ ತಣ್ಣಗೆ. ನನ್ನನ್ನು ನೋಡಿ ತೆಲುಗಿನಲ್ಲಿ ಬಹಳ ಮರ್ಯಾದೆಯಿಂದ ಕೇಳಿದಳು: "ಮೇಡಂ, ಆಸ್ಪರಿ ಬಸ್ಸು ವೆಳ್ಳಿಪೋಯಿಂದಾ?" ಅಕ್ಕನನ್ನು ಮೇಡಂ ಎಂದು ಕರೆದು, ಗುಡ್ಡದ ನೆತ್ತಿಯಲ್ಲಿ ಬಸ್ಸು ಹೋಯಿತೇ ಎಂದು ಕೇಳುತ್ತಿದ್ದಾಳೆ. ಈಗ ನಗು ಬರುತ್ತದೆ. ಆಗ ನನ್ನ ಕೈ ಗಂಟು ಬಿಚ್ಚುತ್ತಿತ್ತು. ಅತ್ತೆಯ ಬಿಗಿ ಗಂಟು, ಹಲ್ಲಿನಿಂದ ಬಿಚ್ಚಿದೆ.

ಬಿಚ್ಚಿದ ಮೇಲೆ ಒಂದು ಕ್ಷಣ ನಿಂತೆ. ಮೀಸಲು. ಬಾಗಿಲೊಳಗೆ ಈರಣ್ಣ, ಹೊರಗೆ ಶಶಿ, ನಡುವೆ ನಾನು. ಸ್ವಾಮಿಗೆ ತೋರಿಸಿಯೇ ಆಕೆಗೆ ಕೊಟ್ಟೆ ಎಂದು ನನ್ನ ನೆನಪು. "ಸುಳ್ಳು, ಬೆನ್ನು ತಿರುಗಿಸೇ ನಿಂತಿದ್ದಿ" ಎಂದು ಶಶಿ. ಆದರೆ ಆಗ ಆಕೆಗೆ ಅಕ್ಕನ ಗುರುತೇ ಇರಲಿಲ್ಲ, ಬೆನ್ನಿನ ಗುರುತು ಎಲ್ಲಿಂದ ಬರಬೇಕು? ಬೆಲ್ಲವನ್ನು ಹೊಸ್ತಿಲಿಗೆ ಕುಟ್ಟಿ ಪುಡಿ ಮಾಡಿ, ಚಿಟಿಕೆ ಚಿಟಿಕೆಯಾಗಿ ತುಟಿಗೆ ಇಟ್ಟೆ. ಚೀಪಿದಳು, ನುಂಗಿದಳು. ಇನ್ನಷ್ಟು ಇಟ್ಟೆ. ಎಷ್ಟೋ ಹೊತ್ತಿನ ಮೇಲೆ ನನ್ನ ಕೈ ತಳ್ಳಿದಳು.

"ಅಕ್ಕ, ಪುಟಾಣಿ ಬ್ಯಾಡ. ಬೆಲ್ಲ ಅಷ್ಟ ಕೊಡು."

ಅಕ್ಕ ಎಂದಳು. ನಾನು ದೊಣೆಯ ನೀರಲ್ಲಿ ಮುಖ ತೊಳೆದುಕೊಂಡೆ, ಅಳು ಕಾಣಬಾರದೆಂದು. "ನೀರು ಹೊಲಸು ಮಾಡಬ್ಯಾಡ, ಜನ ತೀರ್ಥ ತಗಂತಾರ" ಎಂದಳು. ತಂಗಿ ಪೂರ್ತಿ ವಾಪಸು ಬಂದಿದ್ದಳು.

ಮೆಟ್ಟಿಲು ಹತ್ತಿ ಬಂದ ಭಕ್ತರು ಆಕೆಯನ್ನು ಹಿಡಿದು ಇಳಿಸಿದರು. ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಡಾಕ್ಟರು ಬೆರಳು ಚುಚ್ಚಿ ನೋಡಿ, ಸರಿಯಾದ ಹೊತ್ತಿಗೆ ಸಿಹಿ ಹೋಗಿದೆ ಎಂದರು, ಸಂಜೆತನಕ ಇರಿಸಿಕೊಂಡರು. ಅತ್ತೆ ಬಂದರು. ನಾನು ಮೀಸಲು ಮುರಿದದ್ದನ್ನು ಹೇಗೆ ಹೇಳುವುದೆಂದು ಬೇರೆ ಮಾತು ಎತ್ತಿದೆ.

"ಗುಡಿ ದಾರಿಗೆ ಯಾರೋ ಅರಿಶಿಣದ ಬಟ್ಟಿ ಕಟ್ಯಾರ್ರಿ ಅತ್ತಿ. ಅದನ್ನ ನೋಡೇ ನಾ ದಾರಿ ತಪ್ಪಿದೆ."

ಅತ್ತೆ "ನಾನ ಕಟ್ಟಿದ್ದು" ಎಂದರು.

ಹಿಂದಿನ ದಿನ ಅವರು ನಮ್ಮಿಬ್ಬರ ಹೆಸರಲ್ಲಿ ಹರಕೆ ಹೊತ್ತು ಗುಡಿಗೆ ಹೋಗಿದ್ದರು. ನೆತ್ತಿಯ ಗಿಡಗಳಿಗೆಲ್ಲ ಹಳದಿ ಪಟ್ಟಿ ಕಂಡು, ಈ ವರ್ಷ ಯಾರೋ ದೊಡ್ಡ ಹರಕೆ ಕಟ್ಟಿದ್ದಾರೆ ಎಂದುಕೊಂಡರು. ಅದರ ಸಾಲು ಗುಡಿಗೆ ಬರುವ ಮುಂಚೆಯೇ ಬೇರೆ ಕಡೆ ತಿರುಗಿದ್ದು ಅವರಿಗೆ ಸರಿ ಕಾಣಲಿಲ್ಲ. "ಯಾರು ಕಟ್ಯಾರೋ, ಅರ್ಧಕ್ಕ ಬಿಟ್ಟಾರ ಅಂತ, ನಾ ತಂದಿದ್ದ ಬಟ್ಟಿ ಹರದು ಸ್ವಾಮಿ ಬಾಗಿಲ ತನಕ ಕಟ್ಟಿ ಮುಗಿಸಿದೆ. ಯಾರ ಹರಕಿನೂ ಅರ್ಧ ಉಳೀಬಾರದು."

ಶಶಿ ಮಂಚದ ಮೇಲೆ ನಕ್ಕು ನಕ್ಕು ಸಲೈನಿನ ಕೈ ಅಲ್ಲಾಡಿಸಿ ನರ್ಸಮ್ಮನಿಂದ ಬೈಸಿಕೊಂಡಳು.

ಒಂದು ತೊಡಕು ಉಳಿದಿದೆ, ಮುಚ್ಚಿಡುವುದಿಲ್ಲ. ಶಶಿ ಅಲ್ಲಿಗೆ ಹೇಗೆ ಬಂದಳು? ತಲೆ ಸುತ್ತಿದಾಗ ಗುಡಿಯಲ್ಲಿ ಪ್ರಸಾದವಾದರೂ ಸಿಗುತ್ತದೆಂದು ತಾನೇ ತಿರುಗಿದೆ ಎಂದು ಒಮ್ಮೆ ಹೇಳುತ್ತಾಳೆ. ತಾನೂ ಬಟ್ಟೆ ನೋಡಿಯೇ ತಪ್ಪಿದೆ ಎಂದು ಇನ್ನೊಮ್ಮೆ. ಎರಡನೆಯದೇ ನಿಜವಾದರೆ ಕಷ್ಟಕ್ಕೂ ಅದೇ ಬಟ್ಟೆ, ಪರಿಹಾರಕ್ಕೂ ಅದೇ ಬಟ್ಟೆ. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ. ಸರಿಯಾದ ದಾರಿಯಲ್ಲೇ ಹೋಗಿದ್ದರೆ ನಾನು ಓಟ ಮುಗಿಸುತ್ತಿದ್ದೆ, ಆ ಕೊನೆಯಲ್ಲಿ ತಂಗಿ ಇರುತ್ತಿರಲಿಲ್ಲ. ನನ್ನ ನಂಬಿಕೆಗೆ ಇಷ್ಟು ಸಾಕು.

ಮೀಸಲಿನ ವಿಷಯ ಕೊನೆಗೂ ಹೇಳಿದೆ. ಅತ್ತೆ ಬೈಯಲಿಲ್ಲ.

ಈ ಶ್ರಾವಣದಲ್ಲಿ ಮತ್ತೆ ಓಟವಿದೆ. ಓಟದವರು ಹಳದಿ ಬಿಟ್ಟು ನೀಲಿ ಪಟ್ಟಿ ತಂದಿದ್ದಾರೆ. ನೀಲಿ ಹರಕೆ ಯಾವ ದೇವರದು ಎಂದು ಅತ್ತೆ ಆಗಲೇ ವಿಚಾರಿಸಿದ್ದಾರೆ. ನಾನು, ಶಶಿ ಇಬ್ಬರೂ ಹೋಗುತ್ತೇವೆ, ಈ ಸಲ ಜೊತೆಯಾಗೇ. ನಿನ್ನೆ ಅತ್ತೆ ನನ್ನ ಮುಂದೆ ಎರಡು ಗಂಟು ಇಟ್ಟರು, ಒಂದೇ ಬಟ್ಟೆ, ಒಂದೇ ಅಳತೆ.

"ಒಂದು ಈರಣ್ಣಗ ಮೀಸಲು. ಒಂದು ಶಶಿಗೆ."

"ಯಾವುದು ಯಾರದ್ರಿ ಅತ್ತಿ? ಗುರುತು ಹಾಕಿಲ್ಲಲ್ಲ?"

"ಆತಗ ಗೊತ್ತೈತಿ" ಎಂದು ಅತ್ತೆ ಒಳಗೆ ಹೋದರು.