ಸಮುದ್ರದ ಕೋನಪ್ಪನ ಬಾವಿ ಹಗ್ಗ

ನಮ್ಮ ಜಂಗಮಕೋಟೆಯಲ್ಲಿ ನೀರು ಅಂದರೆ ಬಾವಿ, ಬಾವಿ ಬಿಟ್ಟರೆ ಕೆರೆ. ಅಂಥ ಊರಿನಲ್ಲಿ ಒಬ್ಬ ಮನುಷ್ಯ ‘ಸಮುದ್ರದ ಕೋನಪ್ಪ’ ಅನ್ನಿಸಿಕೊಂಡು ಏಳು ವರ್ಷ ಮೆರೆದ. ಆ ಮಹಾನುಭಾವ ನನ್ನ ಭಾವ, ನಮ್ಮ ಅಕ್ಕ ಆಂಜಿನಮ್ಮನ ಗಂಡ. ಬೇರೆ ಯಾರದೋ ಭಾವನಾಗಿದ್ದರೆ ನಾನೂ ಒಂದಿಷ್ಟು ನಕ್ಕು ಸುಮ್ಮನಾಗುತ್ತಿದ್ದೆ.

ಐವತ್ತಾರರಲ್ಲಿ ಶಿಡ್ಲಘಟ್ಟದ ರೇಷ್ಮೆ ಸಾಹುಕಾರರೊಬ್ಬರ ಜೊತೆ ಮದರಾಸಿಗೆ ಹೋಗಿಬಂದ, ಅಷ್ಟೇ. ಹೋಗುವಾಗ ಹೆಗಲ ಮೇಲೆ ಟವಲು ಹಾಕಿಕೊಂಡ ಸಾಮಾನ್ಯ ಕೋನಪ್ಪ. ಬರುವಾಗ ಕಪ್ಪು ಕನ್ನಡಕ, ಕೈಯಲ್ಲೊಂದು ಛತ್ರಿ, ಬಗಲಲ್ಲಿ ಸಮುದ್ರದ ನೀರು ತುಂಬಿದ ಗಾಜಿನ ಸೀಸೆ. ಆ ಸೀಸೆಯನ್ನು ನಡುಮನೆಯ ಗೂಡಿನಲ್ಲಿ ದೇವರ ಪಟದ ಪಕ್ಕದಲ್ಲೇ ಇಟ್ಟ. ಮನೆಗೆ ಬಂದವರಿಗೆಲ್ಲ ಅದನ್ನು ಅಲ್ಲಾಡಿಸಿ ತೋರಿಸುತ್ತಿದ್ದ. ‘ನೋಡ್ರಪ್ಪಾ, ಅಲೆ ಅಂದ್ರೆ ಇದು. ಅಲ್ಲಿ ಇದು ತಾಳೆಮರದಷ್ಟು ಎದ್ದು ನಿಲ್ತದೆ.’ ಜನ ಬಾಯಿ ಬಿಟ್ಟುಕೊಂಡು ಸೀಸೆ ನೋಡುತ್ತಿದ್ದರು. ಥೂ, ಎಂಥ ಜನವಪ್ಪ ನಾವು.

ಮಾರನೇ ವರ್ಷದಿಂದ ಟೂರು ಶುರುವಾಯಿತು. ಪ್ರತಿ ಪುಷ್ಯ ಮಾಸದ ಅಮಾವಾಸ್ಯೆಗೆ ಚಿಂತಾಮಣಿಯಿಂದ ಒಂದು ಬಸ್ಸು ಗೊತ್ತು ಮಾಡಿಕೊಂಡು ಮದರಾಸಿನ ಬೀಚಿಗೆ ಹೊರಡುವುದು. ಸಮುದ್ರವನ್ನು ದಿನಾ ಮುಟ್ಟಬಾರದು, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಮಾತ್ರ ಮುಟ್ಟಬೇಕು ಅನ್ನುವುದು ನಮ್ಮ ಕಡೆಯ ನಂಬಿಕೆ. ಅದನ್ನು ಇವನೇ ಕಂಡುಹಿಡಿದ ಹಾಗೆ ಮನೆಮನೆಗೂ ಹೋಗಿ ಹೇಳಿದ. ಅಲ್ಲಿ ಏನೇನಿದೆ ಅಂತ ಅರಳಿಕಟ್ಟೆ ಮೇಲೆ ಕೂತು ವರ್ಣಿಸುವುದನ್ನು ಕೇಳಬೇಕಿತ್ತು. ಮರಳ ಮೇಲೆ ಕುದುರೆ ಸವಾರಿಯಂತೆ, ಮರದ ದಿಮ್ಮಿ ಕಟ್ಟಿಕೊಂಡು ನೀರಿನ ಮೇಲೆ ಹೋಗುವ ಬೆಸ್ತರಂತೆ, ಹಡಗಿಗೆ ದಾರಿ ತೋರಿಸುವ ದೀಪದ ಗೋಪುರವಂತೆ, ಬಿಸಿ ಬಿಸಿ ಕಡಲೆ ಸುಂಡಲ್ ಅಂತೆ, ಎಷ್ಟು ಆರಿಸಿದರೂ ಮುಗಿಯದ ಕಪ್ಪೆಚಿಪ್ಪಂತೆ. ಎಲ್ಲಕ್ಕಿಂತ ಮೇಲಾಗಿ ಸಮುದ್ರಸ್ನಾನ. ನೀರಿನಲ್ಲಿ ಹಿಡಿದುಕೊಳ್ಳುವುದಕ್ಕೆ ಅಂತ ನಮ್ಮ ಅಕ್ಕನ ಮನೆ ಬಾವಿಯ ಹಗ್ಗವನ್ನೇ ಬಿಚ್ಚಿ ಬಸ್ಸಿನ ಮೇಲೆ ಹಾಕಿಸುತ್ತಿದ್ದ. ಭಾವ ಬರುವ ತನಕ ಅಕ್ಕ ಮೂರು ದಿನ ಪಕ್ಕದ ಮನೆಯಿಂದ ನೀರು ಹೊತ್ತುಕೊಳ್ಳುತ್ತಿದ್ದಳು.

ಅಕ್ಕ ಪ್ರತಿ ವರ್ಷ ಒಂದೇ ಮಾತು ಕೇಳುತ್ತಿದ್ದಳು, ‘ಈ ಸಲ ನಾನೂ ಬರ್ತೀನಿ.’

ಭಾವನದೂ ಒಂದೇ ಜವಾಬು. ‘ಬಾರೇ, ಬೇಡ ಅಂದೋರ್ಯಾರು? ಹುಳ ಯಾರು ನೋಡ್ಕೋತಾರೆ, ಅದೊಂದು ಹೇಳು ಸಾಕು.’

ನಮ್ಮಂಥ ರೇಷ್ಮೆ ಹುಳ ಸಾಕುವವರ ಮನೆಯ ಕಷ್ಟ ಗೊತ್ತಲ್ಲ. ಕೊನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಹುಳ ಹಗಲೂ ರಾತ್ರಿ ಸೊಪ್ಪು ತಿನ್ನುತ್ತದೆ. ಹಣ್ಣಾಯಿತು ಅಂದರೆ ಅದೇ ಗಳಿಗೆಯಲ್ಲಿ ಒಂದೊಂದನ್ನೇ ಆರಿಸಿ, ಗೂಡು ಕಟ್ಟುವುದಕ್ಕೆ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಒಂದು ದಿನ ಮೈಮರೆತರೆ ತಿಂಗಳ ದುಡಿತ ತಿಪ್ಪೆಗೆ. ವಿಚಿತ್ರ ಏನೆಂದರೆ, ಅಕ್ಕನ ಮನೆ ಹುಳ ಪ್ರತಿ ವರ್ಷ ಸರಿಯಾಗಿ ಅಮಾವಾಸ್ಯೆ ಹೊತ್ತಿಗೇ ಹಣ್ಣಾಗುತ್ತಿತ್ತು. ದಿನ ನೋಡಿ ಹುಳದ ಮೊಟ್ಟೆ ತರುತ್ತಿದ್ದವನು ಭಾವ. ಅದು ಹೊಂಚು ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ.

ಹೀಗೆ ನಾನೂ ಸೇರಿ ಊರಿನ ಅರ್ಧ ಜನ ಸಮುದ್ರ ನೋಡಿಬಂದರು. ಸಾದಲಿ ಊರಿನಿಂದಲೂ ಬಂದು ಸೇರಿಕೊಂಡರು. ಸಮುದ್ರದ ಕೋನಪ್ಪನ ಹೆಂಡತಿ ಮಾತ್ರ ಆ ಸೀಸೆಯ ಧೂಳು ಒರೆಸಿಕೊಂಡು ಇದ್ದಳು. ಒಂದು ಸಲ ನಾನು ಹೋದಾಗ ಬಿರಡೆ ತೆಗೆದು, ಬೆರಳದ್ದಿ ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದಳು. ನನ್ನನ್ನು ಕಂಡು ನಾಚಿಕೊಂಡಳು. ‘ಉಪ್ಪು ಕಣೇ ರತ್ನೀ, ನಿಜವಾಗ್ಲೂ ಉಪ್ಪು,’ ಅಂದಳು.

ಅರವತ್ತಮೂರರ ಅಮಾವಾಸ್ಯೆಗೆ ಅಕ್ಕ ಮುಂಚೆಯೇ ಗಟ್ಟಿಯಾಗಿ ಹೇಳಿದಳು, ‘ಈ ಸಲ ಪುಷ್ಯಕ್ಕೆ ಮೊಟ್ಟೆ ತರಬೇಡಿ. ಒಂದು ಬೆಳೆ ಬಿಡಣ. ಹುಳದ ತಟ್ಟೆ ಖಾಲಿ ಇರ್ಲಿ.’

ಭಾವ ಹೂಂ ಅಂದ. ಹೂಂ ಅಂದವನು ವಾರ ಕಳೆಯುವಷ್ಟರಲ್ಲಿ ಶಿಡ್ಲಘಟ್ಟದಿಂದ ಒದ್ದೆ ಬಟ್ಟೆಯಲ್ಲಿ ಮೊಟ್ಟೆ ಸುತ್ತಿಕೊಂಡು ಬಂದು ಅಕ್ಕನ ಕೈಗಿಟ್ಟ. ‘ಸಾಹುಕಾರ್ರು ಕರೆದು ಕೊಟ್ರು ಕಣೇ. ಬೇಡ ಅನ್ನಕಾಯ್ತದಾ?’ ಎಂದು ಹಲ್ಲು ಕಿರಿದ. ನಾನು ಅಲ್ಲೇ ಇದ್ದೆ. ಆ ಹಲ್ಲಿಗೆ ಒಂದು ಕೊಡಬೇಕು ಅನ್ನಿಸಿತು.

ಅಕ್ಕ ಬೆರಳು ಮಡಿಸಿ ಲೆಕ್ಕ ಹಾಕಿದಳು. ಆ ಚಳಿಯಲ್ಲಿ ಹುಳ ಹಣ್ಣಾಗುವುದಕ್ಕೆ ಮೂವತ್ತಮೂರು ದಿನ ಬೇಕು. ಮೂವತ್ತಮೂರನೇ ದಿನ ಸರಿಯಾಗಿ ಅಮಾವಾಸ್ಯೆ. ಐದು ದಿನ ಮುಂಚೆ ಹಣ್ಣಾಗಿಬಿಟ್ಟರೆ, ಚಂದ್ರಿಕೆಗೆ ಬಿಟ್ಟ ಹುಳಕ್ಕೆ ಸೊಪ್ಪೂ ಬೇಡ, ಆಳೂ ಬೇಡ. ಅವುಗಳ ಪಾಡಿಗೆ ಅವು ಗೂಡು ಕಟ್ಟಿಕೊಳ್ಳುತ್ತವೆ.

ಮೊಟ್ಟೆಯೊಡೆದು ಮರಿ ಹೊರಟ ದಿನದಿಂದಲೇ ಹುಳದ ಮನೆಯಲ್ಲಿ ಮಡಕೆಗಳಲ್ಲಿ ಕೆಂಡ ಹಾಕಿಟ್ಟಳು. ಬಾಗಿಲಿಗೆ ಒದ್ದೆ ಗೋಣಿ ಕಟ್ಟಿದಳು. ಬೆಚ್ಚಗಿದ್ದರೆ ಹುಳ ಚುರುಕಾಗಿ ತಿನ್ನುತ್ತದೆ, ಬೇಗ ಬೆಳೆಯುತ್ತದೆ. ಆದರೆ ಕಾವು ಒಂದಿಷ್ಟು ಹೆಚ್ಚಾದರೂ ಹಾಲುರೋಗ ಬಂದು ತಟ್ಟೆತಟ್ಟೆಯೇ ಹೋಗುತ್ತದೆ. ನಾಲ್ಕು ಸಲ ಹಾಕುವ ಸೊಪ್ಪನ್ನು ಆರು ಸಲ ಹಾಕಿದಳು. ಕೆಂಡದ ಹತ್ತಿರ ಕೈ ಚಾಚಿ ನೋಡುವುದು, ಬೂದಿ ಮುಚ್ಚುವುದು, ಮತ್ತೆ ಕೆದಕುವುದು. ಒಂದು ತಿಂಗಳು ಅವಳು ನೆಟ್ಟಗೆ ನಿದ್ದೆ ಮಾಡಲಿಲ್ಲ. ‘ಯಾಕೆ ಇಷ್ಟೊಂದು ಕೆಂಡ?’ ಅಂತ ಭಾವ ಕೇಳಿದರೆ, ‘ಚಳಿ ಜಾಸ್ತಿ ಐತೆ,’ ಅಂದಳು. ಅವನಿಗೆ ಅಷ್ಟು ಸಾಕು. ಹುಳದ ಮನೆಯೊಳಗೆ ಬಗ್ಗಿ ನೋಡುವ ಅಭ್ಯಾಸವೇ ಇರಲಿಲ್ಲ.

ಇಪ್ಪತ್ತೆಂಟನೇ ದಿನ ಹುಳ ಹಣ್ಣಾಯಿತು. ಅಮಾವಾಸ್ಯೆಯ ಹಿಂದಿನ ದಿನ ಬಸ್ಸು ಬಂದಾಗ ಅಕ್ಕ ಇಳಕಲ್ ಸೀರೆ ಉಟ್ಟು, ಬಟ್ಟೆ ಗಂಟು ಹಿಡಿದು ಮೊದಲನೇ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದಳು. ಪೀಪಿ ಬಾಯಲ್ಲಿಟ್ಟುಕೊಂಡು ಜನರನ್ನು ಎಣಿಸುತ್ತಾ ಬಂದ ಭಾವ ಗಕ್ಕನೆ ನಿಂತ.

‘ಹುಳ?’

‘ಚಂದ್ರಿಕೆ ಮೇಲವೆ. ಗೂಡು ಕಟ್ತಾವೆ.’

ಬಸ್ಸಿನಲ್ಲಿದ್ದವರೆಲ್ಲ ಹೋ ಅಂದರು. ಭಾವನ ಮುಖ ಸುಟ್ಟ ಬದನೆಕಾಯಿಯಾಯಿತು.

ಮದರಾಸಿನಲ್ಲಿ ಬೆಳಿಗ್ಗೆ ಬೀಚಿಗೆ ಇಳಿದದ್ದೇ ಭಾವನಿಗೆ ಮತ್ತೆ ಜೀವ ಬಂತು. ಪೀಪಿ ಊದಿದ, ಛತ್ರಿ ಎತ್ತಿದ. ತಮಿಳು ಬರುತ್ತದೆ ಅಂತ ಹೇಳಿಕೊಂಡು ತೆಲುಗನ್ನೇ ಮೂಗಿನಲ್ಲಿ ಮಾತಾಡುತ್ತಾ ಕುದುರೆಯವನ ಹತ್ತಿರ ಜಗಳ ಮಾಡಿದ. ನಮ್ಮ ಪಕ್ಕದ ಮನೆ ಮುದ್ದಪ್ಪ ಕುದುರೆ ಹತ್ತಿದ. ಅದು ಅವನನ್ನು ಹೊತ್ತುಕೊಂಡು ಅರ್ಧ ಮೈಲಿ ಆಚೆ ಹೋಗಿ ಸುಂಡಲ್ ಮಾರುವವಳ ಬುಟ್ಟಿಗೆ ಬಾಯಿ ಹಾಕಿ ನಿಂತಿತು. ಹೆಂಗಸರು ಕಪ್ಪೆಚಿಪ್ಪು ಆರಿಸಿ ಮಡಿಲು ತುಂಬಿಕೊಂಡರು. ‘ಅದು ನೋಡಿ, ಇದು ನೋಡಿ, ಅಲ್ಲಿ ಹೋಗ್ಬೇಡಿ, ಇಲ್ಲಿ ನಿಲ್ಲಿ’ ಅಂತ ಭಾವನ ದರ್ಬಾರು. ಸಮುದ್ರ ಇವನ ಪಿತ್ರಾರ್ಜಿತ ಆಸ್ತಿ, ನಾವೆಲ್ಲ ನೋಡಲು ಬಂದ ಗೇಣಿದಾರರು.

ಅಕ್ಕ ಯಾವುದನ್ನೂ ನೋಡಲಿಲ್ಲ. ನೀರಿನ ಕಡೆಗೇ ನೋಡುತ್ತಾ ನಿಂತಿದ್ದಳು.

ಸ್ನಾನದ ಹೊತ್ತಾಯಿತು. ಬಾವಿ ಹಗ್ಗದ ಒಂದು ತುದಿಯನ್ನು ದಡದ ದೋಣಿಗೆ ಕಟ್ಟಿ, ಇನ್ನೊಂದು ತುದಿಯನ್ನು ಒಬ್ಬ ಬೆಸ್ತ ನೀರಿನಲ್ಲಿ ಹಿಡಿದು ನಿಂತ. ಒಂದು ಪೀಪಿಗೆ ಒಳಗೆ ಹೋಗಬೇಕು, ಎರಡು ಪೀಪಿಗೆ ಹೊರಗೆ ಬರಬೇಕು. ಭಾವ ಎಂದಿನಂತೆ ಎಲ್ಲರ ಬಟ್ಟೆ ಗಂಟು, ಚಪ್ಪಲಿಗಳ ಗುಡ್ಡೆಯ ಪಕ್ಕ ಛತ್ರಿ ಬಿಚ್ಚಿಕೊಂಡು ಕೂತ.

‘ಒಂದು ಚೊಂಬು ನೀರು ಕೊಡೇ ರತ್ನೀ,’ ಅಂದಳು ಅಕ್ಕ.

‘ಯಾಕಕ್ಕಾ?’

‘ಕಾಲು ತೊಳ್ಕೊಂಡು ಹೋಗ್ಬೇಕಲ್ವಾ ಒಳಕ್ಕೆ.’

ಹುಳದ ಮನೆಗೆ ಕೈಕಾಲು ತೊಳೆಯದೆ ಕಾಲಿಡುವವರು ನಮ್ಮಲ್ಲಿಲ್ಲ. ಇಪ್ಪತ್ತು ವರ್ಷ ದಿನಕ್ಕೆ ಹತ್ತು ಸಲ ಕಾಲು ತೊಳೆದು ಒಳಗೆ ಹೋದವಳು ಅವಳು. ಹೊಸ ಬಾಗಿಲು ಕಂಡಾಗ ಅದೇ ನೆನಪಾಗಿದೆ. ಆದರೆ ಭಾವ ಹೊಟ್ಟೆ ಹಿಡಿದುಕೊಂಡು ನಗುವುದಕ್ಕೆ ಶುರು ಮಾಡಿದ. ‘ಕೇಳ್ರಪ್ಪೋ! ಸಮುದ್ರಕ್ಕೆ ಇಳಿಯಕ್ಕೆ ಕಾಲು ತೊಳೀಬೇಕಂತೆ! ಇದಕ್ಕೇ ನಾನು ಕರ್ಕೊಂಡು ಬರ್ತಿರ್ಲಿಲ್ಲ ಈ ಗಮಾರೀನ!’ ಎಲ್ಲರೂ ನಕ್ಕರು. ಸುಳ್ಳು ಯಾಕೆ, ನಾನೂ ನಕ್ಕೆ.

ಅಕ್ಕ ತಾನೇ ಚೊಂಬು ತೆಗೆದುಕೊಂಡು, ಕುಡಿಯುವ ನೀರಿನಲ್ಲಿ ಎರಡೂ ಕಾಲು ತೊಳೆದಳು. ಹಗ್ಗ ಮುಟ್ಟದೆ ನೆಟ್ಟಗೆ ನಡೆದಳು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ದೊಡ್ಡ ಅಲೆಯೊಂದು ಅವಳ ತಲೆ ಮೇಲೆ ಹಾಯಿತು. ಅಲೆ ಇಳಿದಾಗ ಜಡೆ ಬಿಚ್ಚಿಹೋಗಿ, ಬಾಯಿ ತುಂಬ ನೀರು ಉಗುಳುತ್ತಾ ಜೋರಾಗಿ ನಗುತ್ತಿದ್ದಳು. ಅವಳು ಹಾಗೆ ನಕ್ಕಿದ್ದನ್ನು ಅವಳ ಮದುವೆಗೆ ಮುಂಚೆ ಮಾತ್ರ ನೋಡಿದ್ದೆ.

ಆಮೇಲೆ ಹೊರಗೆ ಬಂದು, ಮೈಯಿಂದ ನೀರು ಸುರಿಯುತ್ತಿದ್ದಂತೆಯೇ ಭಾವನ ಮುಂದೆ ನಿಂತು ಕೈ ಚಾಚಿದಳು.

‘ಬನ್ನಿ, ನೀವೂ ಬನ್ನಿ.’

‘ನೀನು ಮುಳುಗೇ. ನಂದಾಯ್ತು.’

‘ಯಾವಾಗ?’

ಭಾವನ ಪಂಚೆ ಗಂಜಿ ಹಾಕಿದ್ದು ಹಾಗೇ ಗರಿಗರಿಯಾಗಿತ್ತು. ಅಷ್ಟರಲ್ಲಿ ಒಂದು ಅಲೆ ಮರಳ ಮೇಲೆ ತೆಳ್ಳಗೆ ಹರಿದು ಅವನ ಕಾಲಿನವರೆಗೂ ಬಂತು. ಅಂಗೈ ಆಳದ ನೀರು. ಭಾವ ಛಂಗನೆ ಹಾರಿ ಬಟ್ಟೆ ಗಂಟುಗಳ ಮೇಲೆ ನಿಂತ. ಬಾಯಲ್ಲಿದ್ದ ಪೀಪಿ ಒಂದು ಸಲ ಕೀಂ ಅಂದು ಮರಳಿಗೆ ಬಿತ್ತು. ಅಕ್ಕ ಚಾಚಿದ ಕೈಯನ್ನೇ ನೋಡುತ್ತಾ ಅಂದ, ‘ಬಟ್ಟೆ ಯಾರು ನೋಡ್ಕೋತಾರೆ?’

ಅಕ್ಕ ಕೈ ಇಳಿಸಿದಳು. ಏಳು ವರ್ಷ ಕೇಳಿದ ಮಾತಿನ ಅರ್ಥ ಅವಳಿಗೆ ಆಗ ಆಯಿತು. ಹುಳದ ಯೋಚನೆ ಅವನಿಗೆ ಯಾವತ್ತೂ ಇರಲಿಲ್ಲ. ಈ ಒಂದು ಕೈ ತನ್ನ ಮುಂದೆ ಬರಬಾರದು ಅನ್ನುವುದಿತ್ತು ಅಷ್ಟೇ. ಬಂದ ಜನ ನೀರಿಗೆ ಕರೆದರೆ ‘ನನಗೇನು ಹೊಸದಾ’ ಅಂದರೆ ಮುಗಿಯುತ್ತದೆ, ಹೆಂಡತಿ ಕರೆದರೆ ಏನು ಹೇಳುವುದು? ಅವಳು ನಗಲಿಲ್ಲ, ಬಯ್ಯಲಿಲ್ಲ. ‘ನೀವೇ ನೋಡ್ಕೊಳ್ಳಿ,’ ಎಂದು ತಿರುಗಿ ನೀರಿಗೆ ಹೋದಳು. ಎರಡು ಪೀಪಿ ಊದುವವರೇ ಇಲ್ಲದ್ದರಿಂದ ಆವತ್ತು ಎಲ್ಲರೂ ಮಧ್ಯಾಹ್ನದವರೆಗೂ ನೀರಿನಲ್ಲಿದ್ದೆವು.

ಊರಿಗೆ ಬಂದ ಮೇಲೆ ಅಕ್ಕ ದೇವರ ಪಟದ ಪಕ್ಕದ ಸೀಸೆ ತೆಗೆದು, ಬಚ್ಚಲಿಗೆ ಸುರಿದು, ತೊಳೆದು ಸೀಮೆಎಣ್ಣೆ ತುಂಬಿಟ್ಟಳು. ಭಾವ ನೋಡುತ್ತಾ ಕೂತಿದ್ದ. ಆ ನೀರನ್ನೂ ಇವನು ತುಂಬಿಸಿಕೊಂಡದ್ದು ಯಾರೋ ಬೆಸ್ತನ ಕೈಯಲ್ಲಂತೆ. ಮುಂದಿನ ವರ್ಷದಿಂದ ಹಗ್ಗದ ಜೊತೆ ಅಕ್ಕ ಹೋದಳು. ಹುಳ ನೋಡಿಕೊಳ್ಳಲು ಮನೆಯಲ್ಲಿ ಉಳಿದ ಸಮುದ್ರದ ಕೋನಪ್ಪ ನಾಲ್ಕು ತಟ್ಟೆ ಹಾಳು ಮಾಡಿ ಇಟ್ಟಿದ್ದ. ಅದನ್ನೂ ಆಳು ಮಾಡಿದ್ದು ಅಂದ.

ಆದರೆ ನನಗೆ ಇವತ್ತಿಗೂ ಚುಚ್ಚುವುದು ಬೇರೆ. ಬೀಚಿನಿಂದ ಬಂದ ಮೂರನೇ ದಿನ, ಅಕ್ಕನ ಜೊತೆ ಕೂತು ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದೆ. ಗೂಡು ಗಟ್ಟಿಯಾಗಿ, ಚೆನ್ನಾಗಿ ಬಂದಿತ್ತು. ನಾನು ಭಾವನನ್ನು ಬಾಯಿಗೆ ಬಂದ ಹಾಗೆ ಬಯ್ಯುತ್ತಿದ್ದೆ. ಹೇಡಿ, ಮೋಸಗಾರ, ಮೂರು ಕಾಸಿನ ಮನುಷ್ಯ ಅಂದೆ. ಅಕ್ಕ ಗೂಡು ಬಿಡಿಸುತ್ತಲೇ ಕೇಳಿದಳು,

‘ನೀನು ಮುಂಚೆ ಎರಡು ಸಲ ಹೋಗ್ಬಂದೆ ಅಲ್ವೇನೇ, ಐವತ್ತೆಂಟರಲ್ಲಿ ಒಂದು ಸಲ, ಅರವತ್ತೊಂದರಲ್ಲಿ ಒಂದು ಸಲ?’

‘ಹೂಂ.’

‘ಆಗ ನಿಮ್ಮನೆ ಹುಳಕ್ಕೆ ಸೊಪ್ಪು ಹಾಕಿದ್ದು ಯಾರು?’

ನನ್ನ ಕೈ ನಿಂತಿತು. ಎರಡು ಸಲವೂ ನನ್ನ ತಟ್ಟೆಗಳನ್ನು ಅವಳ ಮನೆಯಲ್ಲೇ ಇಟ್ಟು ಹೋಗಿದ್ದೆ. ನೀನು ಹೋಗಕ್ಕಾ, ನಾನು ನೋಡ್ಕೋತೀನಿ ಅಂತ ಒಂದು ಸಲವೂ ಅಂದಿರಲಿಲ್ಲ. ಅನ್ನಬೇಕು ಅಂತ ಹೊಳೆದೂ ಇರಲಿಲ್ಲ.

‘ಅವರಿಗೆ ನೀರು ಕಂಡ್ರೆ ಭಯ ಕಣೇ ರತ್ನೀ,’ ಅಂದಳು ಅಕ್ಕ, ‘ನಿಂಗೇನಿತ್ತು?’

ಅವಳ ದನಿಯಲ್ಲಿ ಕೋಪವಿರಲಿಲ್ಲ. ಬಿಡಿಸಿದ ಗೂಡನ್ನು ಮಂಕರಿಗೆ ಹಾಕಿ, ಇನ್ನೊಂದು ಚಂದ್ರಿಕೆ ಹತ್ತಿರಕ್ಕೆ ಎಳೆದುಕೊಂಡಳು.