ಇಪ್ಪತ್ತು ಕಿಲೋ ಇಳಿಸಿದ ಮೇಸ್ತ್ರಿ

ಮೇಸ್ತ್ರಿಯ ಅಂಗೈಯಲ್ಲಿ ರೇಖೆಗಳೇ ಇರಲಿಲ್ಲ. ಮೂವತ್ತು ವರ್ಷ ಕಾಫಿ ಮೂಟೆ ಎತ್ತಿ, ಗೋಣಿಯ ನಾರು ಉಜ್ಜಿ ಉಜ್ಜಿ, ಎರಡೂ ಅಂಗೈ ಹಳೆಯ ಒನಕೆಯ ಹಾಗೆ ನುಣ್ಣಗಾಗಿದ್ದವು. ಕಳಸದ ಪೇಟೆಯಲ್ಲಿ ಕೈ ನೋಡುವವನೊಬ್ಬ ಆ ಅಂಗೈಯನ್ನು ಅತ್ತಿತ್ತ ತಿರುಗಿಸಿ, ಬೆಳಕಿಗೆ ಹಿಡಿದು, ಕೊನೆಗೆ ಏನೂ ಹೇಳದೆ ವಾಪಸು ಕೊಟ್ಟನಂತೆ. "ನೋಡ್ಲಿಕ್ಕೆ ಎಂತದೂ ಉಳಿದಿರಲಿಲ್ಲ ಅಮ್ಮ, ಪಾಪ ಅವನಾದ್ರೂ ಎಂತ ಹೇಳ್ತಾನೆ" ಎಂದು ನಗುತ್ತಿದ್ದರು.

ನಮ್ಮ ತೋಟ ಬಣಕಲ್ಲಿನಿಂದ ಎರಡು ಮೈಲಿ ಒಳಗಿದೆ. ಘಟ್ಟದ ಕೆಳಗಿನಿಂದ ಹೊರೆ ಹೊರಲು ಬಂದವರು ನಿಧಾನವಾಗಿ ನಮ್ಮ ಕಣಕ್ಕೆ ಮೇಸ್ತ್ರಿಯಾಗಿದ್ದರು. ಕಣದಲ್ಲಿ ಕಾಫಿ ಹರವುವುದು, ಒಣಗಿಸುವುದು, ಸಂಜೆ ಆಳುಗಳು ಕೊಯ್ದು ತಂದ ಹಣ್ಣು ತೂಗುವುದು, ಎಲ್ಲ ಅವರದೇ. ಅವರು ತೂಗಿದ್ದನ್ನು ಇನ್ನೊಮ್ಮೆ ತೂಗಿ ಎಂದು ಕೇಳಿದವರನ್ನು ನಾನು ನೋಡಿಲ್ಲ. ಹರೆಯದಲ್ಲಿ ಬೆಳ್ತಂಗಡಿ ಕಡೆ ಒಂದು ವ್ಯಾಯಾಮಶಾಲೆಯಲ್ಲಿ ಭಾರ ಎತ್ತುತ್ತಿದ್ದರು ಎಂಬುದು ನನಗೆ ಗೊತ್ತಾದದ್ದು ತಡವಾಗಿ. ಅಲ್ಲಿಯವರೆಗೆ ಅವರು ನನಗೆ ಬರೀ ಮೇಸ್ತ್ರಿ.

ಇನ್ನು ನನ್ನ ವಿಷಯ. ಆಗ ನನಗೆ ಮೂವತ್ನಾಲ್ಕು ವರ್ಷ, ತೊಂಬತ್ತೊಂದು ಕಿಲೋ. ಅದರ ಬಗ್ಗೆ ನನಗೆ ನಾಚಿಕೆ ಎಂಬುದೇನೂ ಇರಲಿಲ್ಲ. ಮದುವೆಮನೆಯಲ್ಲಿ ಇಬ್ಬರ ಜಾಗದಲ್ಲಿ ಕೂತು ಮೂವರ ಕಡುಬು ತಿಂದೆದ್ದರೆ ಅದು ಬಡಿಸಿದವರಿಗೆ ನಾನು ಮಾಡುವ ಮರ್ಯಾದೆ ಎಂದೇ ತಿಳಿದವಳು. ಯಾರಾದರೂ ದಪ್ಪ ಎಂದರೆ, ನಿಮ್ಮನೆ ಅಕ್ಕಿ ತಿಂದಿದ್ದೇನಾ ಎಂದು ಕೇಳುತ್ತಿದ್ದೆ. ಬಾಯಿ ಜೋರು, ಈಗಲೂ ಜೋರೇ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನ್ನ ತಮ್ಮನಿಗೆ ಎರಡೂ ಕಿಡ್ನಿ ಕೈಕೊಟ್ಟವು. ಮೂಡಿಗೆರೆಯಲ್ಲಿ ಟೀವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಇಪ್ಪತ್ತಾರರ ಹುಡುಗ ಬೆಂಗಳೂರಿನಲ್ಲಿ ರೂಮು ಮಾಡಿ, ವಾರಕ್ಕೆರಡು ಸಲ ಡಯಾಲಿಸಿಸ್ ಯಂತ್ರಕ್ಕೆ ಕೈಯೊಡ್ಡಿ ಮಲಗುವಂತಾಯಿತು. ಜೊತೆಗೆ ನಮ್ಮಮ್ಮ ಇದ್ದರು. ಅಮ್ಮನಿಗೆ ಸಕ್ಕರೆ ಕಾಯಿಲೆ, ಅಪ್ಪ ಇಲ್ಲ. ರಕ್ತ ಹೊಂದಿದ್ದು ನನ್ನದು. ನಾನು ಕಿಡ್ನಿ ಕೊಡುವುದಕ್ಕೆ ನಮ್ಮ ಮನೆಯವರು ಒಂದೇ ಮಾತಿಗೆ ಒಪ್ಪಿದರು. ಪರೀಕ್ಷೆ ಎಲ್ಲ ಮುಗಿದ ಮೇಲೆ ಡಾಕ್ಟರು ಕಾಗದದಿಂದ ತಲೆಯೆತ್ತಿ ನನ್ನನ್ನೇ ನೋಡಿದರು.

"ನಿಮ್ಮ ಕಿಡ್ನಿ ಚೆನ್ನಾಗಿದೆ. ಆದರೆ ಈ ತೂಕದಲ್ಲಿ ನಿಮ್ಮ ಮೈಗೆ ನಾನು ಕತ್ತರಿ ಹಾಕೋದಿಲ್ಲ. ಎಪ್ಪತ್ತೆರಡರ ಒಳಗೆ ಬನ್ನಿ. ಎಂಟು ತಿಂಗಳು ಇವರನ್ನ ಹೇಗೋ ನೋಡಿಕೊಳ್ತೀವಿ. ಆಮೇಲಿಂದು ನಾನು ಹೇಳಲಾರೆ."

ಹೊರಗೆ ಬಂದಾಗ ತಮ್ಮ ತಮಾಷೆ ಮಾಡಿದ. "ಇಪ್ಪತ್ತು ಕಿಲೋ ಅಂದ್ರೆ ಒಂದು ಕಲರ್ ಟೀವಿ ಕಣೇ ಅಕ್ಕ. ಇಷ್ಟು ದಿನ ಅದನ್ನ ಹೊಟ್ಟೆಗೆ ಕಟ್ಕೊಂಡು ಓಡಾಡಿದ್ದೀಯ." ನಾನೂ ನಕ್ಕೆ. ಬಸ್ಸು ಹಾಸನ ದಾಟುವವರೆಗೆ ಕಿಟಕಿಗೆ ಮುಖ ಇಟ್ಟು ಅತ್ತೆ. ನಾನು ತಿಂದ ಕಡುಬಿಗೆ ನನ್ನ ತಮ್ಮ ಸಾಯಬೇಕಾ ಎಂಬ ಒಂದೇ ಯೋಚನೆ.

ಊರಿಗೆ ಬಂದವಳೇ ಊಟ ಬಿಟ್ಟೆ. ರೊಟ್ಟಿ ಇಲ್ಲ, ಅನ್ನ ಇಲ್ಲ, ಬರೀ ಕಾಫಿ. ಬೆಳಿಗ್ಗೆ ಬಣಕಲ್ಲಿಗೆ ನಡೆದು ಹೋಗಿ ನಡೆದು ಬರುವುದು. ದಾರಿಯಲ್ಲಿ ಐದು ಮನೆ. ನಮ್ಮ ಕಡೆ ಅಂಗಳ ಮೆಟ್ಟಿದವರನ್ನು ಕಾಫಿ ಕೊಡದೆ ಕಳಿಸುವವರಿಲ್ಲ, ಬೇಡ ಎನ್ನುವುದಂತೂ ಜಗಳ ತೆಗೆದ ಹಾಗೆ. ಹೋಗುವಾಗ ಒಂದು ಲೋಟ, ಬರುವಾಗ ಒಂದು ಲೋಟ. ದಿನಾ ಬೆಳಿಗ್ಗೆ ಗೋದಾಮಿಗೆ ನುಸುಳಿ ಮೂಟೆ ತೂಗುವ ಯಂತ್ರದ ಮೇಲೆ ಹತ್ತಿ ನೋಡುತ್ತಿದ್ದೆ. ಮೂರು ವಾರಕ್ಕೆ ನಾಲ್ಕು ಕಿಲೋ ಇಳಿದು ಅಲ್ಲಿಗೇ ನಿಂತಿತು. ಒಂದು ದಿನ ಕಣದಲ್ಲಿ ಆಳುಗಳ ಜೊತೆ ಮಾತಾಡುತ್ತಿದ್ದವಳು ಕಣ್ಣು ಕತ್ತಲಿಟ್ಟು ಹಾಗೇ ಕಾಫಿಯ ರಾಶಿಯ ಮೇಲೆ ಕೂತುಬಿಟ್ಟೆ.

ಮೇಸ್ತ್ರಿ ನೀರು ತಂದುಕೊಟ್ಟು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. "ಬೆಳಿಗ್ಗೆ ಬೆಳಿಗ್ಗೆ ಯಂತ್ರ ಹತ್ತೋದು ನೀವೇ ಅಂತ ಗೊತ್ತಿದೆ. ತೂಕದ ಕಲ್ಲು ತೊಂಬತ್ತರ ಹತ್ರ ನಿಂತಿರ್ತದೆ. ಅಷ್ಟು ತೂಕದ ಮೂಟೆ ನಮ್ಮಲ್ಲಿಲ್ಲ" ಎಂದರು. ಬೇರೆ ಸಮಯವಾಗಿದ್ದರೆ ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ. ಅವತ್ತು ಎಲ್ಲ ಹೇಳಿದೆ. ಕೇಳಿಸಿಕೊಂಡ ಮೇಸ್ತ್ರಿ ಕಣದಿಂದ ಒಂದು ಹಿಡಿ ಕಾಫಿ ಎತ್ತಿ ತೋರಿಸಿದರು. "ಇದನ್ನ ಒಂದೇ ದಿನ ಸುಡು ಬಿಸಿಲಿಗೆ ಹಾಕಿದ್ರೆ ತೂಕ ಇಳೀತದೆ ಅಮ್ಮ. ಆದ್ರೆ ಬೀಜ ಸೀಳ್ತದೆ. ನೀವು ಮಾಡ್ತಿರೋದು ಅದೇ. ದಿನಕ್ಕೆ ಎಷ್ಟು ಕಾಫಿ?"

"ಕಾಫಿ ಬಿಡಿ, ಅದೆಲ್ಲ ಲೆಕ್ಕಕ್ಕಿಲ್ಲ" ಎಂದೆ.

ಮರುದಿನ ನನ್ನ ಕೈಗೊಂದು ಖಾಲಿ ಡಬ್ಬಿ ಕೊಟ್ಟು, ಒಂದು ಲೋಟ ಕುಡಿದಾಗಲೆಲ್ಲ ಒಂದು ಬೀಜ ಹಾಕಿ ಎಂದರು. ಸಂಜೆ ಡಬ್ಬಿ ಕವುಚಿದರೆ ಹದಿಮೂರು ಬೀಜ. ಮೇಸ್ತ್ರಿ ನಮ್ಮ ಅಡುಗೆಮನೆಯಿಂದ ಸಕ್ಕರೆ ಡಬ್ಬಿ ತರಿಸಿ, ಲೋಟಕ್ಕೆರಡರಂತೆ ಇಪ್ಪತ್ತಾರು ಚಮಚ ಒಂದು ಊಟದ ತಟ್ಟೆಗೆ ಸುರಿದರು. "ಇದಕ್ಕೆ ಒಂದೂವರೆ ಲೀಟರ್ ಹಾಲು ಹಾಕಿ ಕೊಟ್ರೆ ಉಣ್ತೀರಾ?" ಎಂದು ಕೇಳಿದರು. ತಟ್ಟೆಯಲ್ಲಿ ಸಕ್ಕರೆ ಗುಡ್ಡೆಯಾಗಿ ನಿಂತಿತ್ತು. ಕಾಫಿ ಬೆಳೆದು, ಕಾಫಿ ಮಾರಿ, ಕಾಫಿ ಕುಡಿದು ಬದುಕುವ ನಮಗೆ ಯಾರಿಗೂ ಕಾಫಿಯೂ ಒಂದು ಊಟ ಎಂದು ಹೊಳೆದೇ ಇರಲಿಲ್ಲವಲ್ಲ ಮಾರಾಯ್ರೆ. ಊಟ ಬಿಟ್ಟು ಸಕ್ಕರೆ ತಿನ್ನುತ್ತಿದ್ದೆ ನಾನು.

ಅವತ್ತಿನಿಂದ ಅವರು ಹೇಳಿದ್ದು, ನಾನು ಮಾಡಿದ್ದು. ದಿನಕ್ಕೆ ಎರಡೇ ಕಾಫಿ, ಸಕ್ಕರೆ ಇಲ್ಲದ್ದು. ಐದು ರೊಟ್ಟಿಯ ಜಾಗದಲ್ಲಿ ಎರಡು, ಜೊತೆಗೆ ಮೊಟ್ಟೆ, ಹುರುಳಿಕಾಳು, ಬುಧವಾರ ಘಟ್ಟದ ಕೆಳಗಿನಿಂದ ಬರುವ ಮೀನು, ಸೊಪ್ಪು ಬೇಕಾದಷ್ಟು. ಊಟ ಮಾತ್ರ ಬಿಡುವ ಹಾಗಿಲ್ಲ. ದಾರಿಯ ಐದೂ ಮನೆಗೆ ಮೇಸ್ತ್ರಿಯೇ ಹೋಗಿ, ತೋಟದ ಅಮ್ಮನಿಗೆ ಕಾಫಿ ಕೊಟ್ಟರೆ ಅವರ ತಮ್ಮನಿಗೆ ತೊಂದರೆ ಎಂದು ಹೇಳಿ ಬಂದರು. ಬೆಳಿಗ್ಗೆ ರಸ್ತೆಯ ನಡಿಗೆ ಬಿಡಿಸಿ ಗುಡ್ಡದ ನೆತ್ತಿಗೆ ಹತ್ತಿಸಿದರು. ಮೊದಲ ವಾರ ನಡುವೆ ನಾಲ್ಕು ಕಡೆ ಕೂತು, ಮರವನ್ನೆಲ್ಲ ಬೈದುಕೊಂಡು ಹತ್ತಿದೆ.

ಆಮೇಲೆ ಗೋದಾಮಿನ ಬಾಗಿಲ ಹಿಂದೆ ಒಂದು ಕಬ್ಬಿಣದ ಪೈಪು ಬಂತು. ಅದರ ಎರಡೂ ತುದಿಗೆ ಕಾಫಿ ತುಂಬಿದ ಸಣ್ಣ ಸಣ್ಣ ಚೀಲ, ಎರಡೂ ಸರಿಸಮ ತೂಗಿದ್ದು. ಬೆನ್ನು ನೆಟ್ಟಗಿಟ್ಟು, ಮಂಡಿ ಬಗ್ಗಿಸಿ, ಉಸಿರು ಹಿಡಿಯದೆ ಅದನ್ನು ಎತ್ತಿ ಇಳಿಸಬೇಕು. "ನಡೆದ್ರೆ ಕೊಬ್ಬು ಕರಗ್ತದೆ, ಎತ್ತಿದ್ರೆ ಮೈ ಉಳೀತದೆ. ಬರೀ ನಡೆದು ಬರೀ ಉಪವಾಸ ಇದ್ರೆ ಎರಡೂ ಹೋಗ್ತದೆ ಅಮ್ಮ" ಎನ್ನುತ್ತಿದ್ದರು. ಅವರ ವ್ಯಾಯಾಮಶಾಲೆಯ ಗುರುಗಳು ಕಲಿಸಿದ್ದಂತೆ.

ಇದು ನಮ್ಮತ್ತೆಯ ಕಿವಿಗೆ ಬಿತ್ತು. ಗೋದಾಮಿಗೇ ಬಂದರು. "ಹೆಂಗಸರು ಭಾರ ಎತ್ತಿದ್ರೆ ಗರ್ಭಕೋಶ ಜಾರುತ್ತೆ ಮೇಸ್ತ್ರಿ. ಮನೆತನದ ಹೆಣ್ಣುಮಕ್ಕಳು ಮಾಡೋ ಕೆಲಸವಾ ಇದು?"

ಮೇಸ್ತ್ರಿ ಕೈಕಟ್ಟಿ ನಿಂತು ಮೆತ್ತಗೆ ಹೇಳಿದರು. "ದೊಡ್ಡಮ್ಮಾವ್ರೇ, ಹಣ್ಣು ಕೊಯ್ಯೋ ಹೆಂಗಸರು ದಿನಾ ಸಂಜೆ ಹಳ್ಳದಿಂದ ಕಣಕ್ಕೆ ಮೂಟೆ ಹೊತ್ಕೊಂಡೇ ಬರ್ತಾರೆ. ಅವ್ರ ಗರ್ಭಕೋಶದ ಬಗ್ಗೆ ಇದುವರೆಗೆ ಯಾರೂ ಕೇಳಿಲ್ಲ."

ಅತ್ತೆ ತಿರುಗಿ ಹೋದರು. ಬೇಸರವಾಗಿರಬೇಕು ಎಂದುಕೊಂಡೆ. ಮರುದಿನದಿಂದ ನನ್ನ ತಟ್ಟೆಗೆ ಬೇಯಿಸಿದ ಮೊಟ್ಟೆ ಅವರ ಕೈಯಿಂದಲೇ ಬೀಳತೊಡಗಿತು. ನನಗಂತೂ ಅವತ್ತು ಕೆನ್ನೆಗೆ ಹೊಡೆದ ಹಾಗಾಗಿತ್ತು. ಆ ಸಂಜೆಯೇ ಹಳ್ಳಕ್ಕಿಳಿದು, ಕೊಯ್ಯುವ ಹೆಂಗಸರ ಸಾಲಿನಲ್ಲಿ ಅರ್ಧ ಮೂಟೆ ಹೊತ್ತು ಏರು ಹತ್ತಿದೆ. ಅವರು ನಕ್ಕರು. ಸೆರಗು ಹೇಗೆ ಬಿಗಿಯಬೇಕು, ಕಾಲು ಹೇಗೆ ಊರಬೇಕು ಎಂದು ಅವರೇ ಹೇಳಿಕೊಟ್ಟರು. ಕೊಯ್ಲು ಮುಗಿಯುವವರೆಗೆ ಒಂದು ಸಂಜೆಯೂ ತಪ್ಪಿಸಲಿಲ್ಲ.

ಪ್ರತಿ ಸೋಮವಾರ ತೂಕ. ಮೇಸ್ತ್ರಿ ಸೀಮೆಸುಣ್ಣದಲ್ಲಿ ಬಾಗಿಲ ಹಿಂದೆ ಬರೆಯುತ್ತಿದ್ದರು. ಸೀರೆಗೆ ಎರಡು ಕಿಲೋ ಕಳೆಯಿರಿ, ಸ್ವೆಟರ್ ಬೇರೆ ಇದೆ ಎಂದು ನಾನು ಜಗಳ ಕಾಯುತ್ತಿದ್ದೆ. "ಗೋಣಿಚೀಲಕ್ಕೆ ಒಂದು ಕಿಲೋ ಕಳೆಯೋದು. ಅದಕ್ಕಿಂತ ಜಾಸ್ತಿ ಯಾರಿಗೂ ಬಿಟ್ಟಿಲ್ಲ, ನಿಮಗೂ ಇಲ್ಲ" ಎನ್ನುತ್ತಿದ್ದರು. ಎಂಬತ್ತೈದು, ಎಂಬತ್ತೆರಡು, ಎಂಬತ್ತು. ಏಪ್ರಿಲ್ ಹೊತ್ತಿಗೆ ಎಪ್ಪತ್ತೆಂಟು. ಅಲ್ಲಿ ನಿಂತಿತು ನೋಡಿ, ಮೂರು ಸೋಮವಾರ ಅಲ್ಲಾಡಲಿಲ್ಲ.

ಆ ವಾರವೇ ಬೆಂಗಳೂರಿನಿಂದ ಫೋನು ಬಂತು. ತಮ್ಮನ ಕಾಲು ಬಾತಿದೆ, ಉಸಿರಾಟ ಕಷ್ಟವಾಗಿದೆ ಎಂದರು ಅಮ್ಮ. ಅವನೇ ಫೋನು ಕಸಿದುಕೊಂಡು, "ಸಾಕು ಬಿಡಕ್ಕ. ನಿಂಗೆ ಮಕ್ಕಳಿದ್ದಾರೆ, ಅವ್ರನ್ನ ನೋಡ್ಕೋ" ಎಂದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಅಂದಿನಿಂದಲೇ ಯಾರಿಗೂ ಹೇಳದೆ ರಾತ್ರಿಯ ಊಟ ಬಿಟ್ಟೆ.

ನಾಲ್ಕನೆಯ ದಿನಕ್ಕೆ ಪೈಪು ಮಂಡಿಯಿಂದ ಮೇಲೇಳಲಿಲ್ಲ. ಮೇಸ್ತ್ರಿ ಅದನ್ನು ನನ್ನ ಕೈಯಿಂದ ತೆಗೆದು ಗೋಡೆಗೆ ಒರಗಿಸಿದರು. "ಹೋದ ವಾರ ಎತ್ತಿದ್ದನ್ನ ಈ ವಾರ ಎತ್ಲಿಕ್ಕೆ ಆಗ್ತಿಲ್ಲ. ಊಟ ಬಿಟ್ರಾ?" ಎಂದರು. ನಾನು ಅಳುತ್ತಾ ಕೂಗಿದೆ. ಇನ್ನು ಉಳಿದಿರುವುದು ಎರಡೇ ತಿಂಗಳು, ಈ ಹಾಳು ಯಂತ್ರ ಇಳಿಯುವುದಿಲ್ಲ, ನಿಮಗೇನು ಗೊತ್ತು ನನ್ನ ಕಷ್ಟ ಎಂದೆಲ್ಲ.

ಅವರು ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ. "ಕೂಗ್ಬೇಡಿ. ರವಿಕೆ ಎಷ್ಟು ಸಲ ಹಿಡಿಸಿದ್ರಿ?" ಎಂದು ಗದರಿದರು. ಮೂರು ಸಲ ಎಂದೆ. "ಈ ತಿಂಗಳಲ್ಲಿ?" ಒಂದು ಸಲ. "ತೂಕ ಇಳೀದೆ ರವಿಕೆ ಸಡಿಲ ಆಗೋದು ಹೇಗೆ? ಕೊಬ್ಬು ಹೋಗಿ ಆ ಜಾಗಕ್ಕೆ ಗಟ್ಟಿ ಮಾಂಸ ಬಂದಿದೆ. ಯಂತ್ರಕ್ಕೆ ಅದೂ ಒಂದೇ, ಇದೂ ಒಂದೇ. ಅದು ನಂಗೆ ಗೊತ್ತು, ಇಷ್ಟು ವರ್ಷ ತೂಗಿದ್ದೇನೆ." ಆಮೇಲೆ ದನಿ ಇಳಿಸಿ ಹೇಳಿದರು, "ನಿಮ್ಮ ತಮ್ಮನಿಗೆ ಬೇಕಾದ್ದು ಸಣ್ಣ ಅಕ್ಕ ಅಲ್ಲ ಅಮ್ಮ. ಗಟ್ಟಿ ಅಕ್ಕ. ಹೋಗಿ, ಊಟ ಮಾಡಿ."

ಹೋಗಿ ಉಂಡೆ. ಎರಡು ರೊಟ್ಟಿ, ಮೀನುಸಾರು, ಕಣ್ಣೀರು ಎಲ್ಲ ಒಟ್ಟಿಗೆ.

ಮಳೆ ಹಿಡಿದ ಮೇಲೆ ಗುಡ್ಡ ಹತ್ತಲಾಗದೆ ಗೋದಾಮಿನ ಉದ್ದಕ್ಕೂ, ಎರಡೂ ಕೈಯಲ್ಲಿ ಚೀಲ ಹಿಡಿದು, ಈ ಗೋಡೆಯಿಂದ ಆ ಗೋಡೆಗೆ ನಡೆದೆ. ತೂಕ ಮತ್ತೆ ಇಳಿಯತೊಡಗಿತು. ಎಪ್ಪತ್ತಾರು, ಎಪ್ಪತ್ನಾಲ್ಕು. ಜುಲೈಯ ಮೊದಲ ಸೋಮವಾರ ಮೇಸ್ತ್ರಿ ಕಲ್ಲನ್ನು ಸರಿಸಿ ಸರಿಸಿ ನಿಲ್ಲಿಸಿ, ಎರಡು ಸಲ ನೋಡಿ, ಸೀಮೆಸುಣ್ಣ ನನ್ನ ಕೈಗೇ ಕೊಟ್ಟರು. ಎಪ್ಪತ್ತೊಂದು ಎಂದು ಅಂಗೈಯಗಲ ಬರೆದೆ. ಆಮೇಲೆ ಹಳ್ಳದವರೆಗೆ ಕೇಳುವ ಹಾಗೆ ಒಂದು ಕೂಗು ಹಾಕಿದೆ. ಅತ್ತೆ ಓಡಿ ಬಂದು ಬಾಗಿಲ ಹಿಂದೆ ನೋಡಿ ನನ್ನನ್ನು ತಬ್ಬಿಕೊಂಡರು. ಹದಿನೈದು ವರ್ಷದ ಸಂಸಾರದಲ್ಲಿ ಅದೇ ಮೊದಲು.

ಬೆಂಗಳೂರಿನಲ್ಲಿ ಡಾಕ್ಟರು ನನ್ನನ್ನು ಅಲ್ಲಿನ ತೂಕದ ಯಂತ್ರದ ಮೇಲೆ ಎರಡು ಸಲ ನಿಲ್ಲಿಸಿದರು. ಬಿ.ಪಿ. ಸರಿ, ಸಕ್ಕರೆ ಸರಿ, ರಕ್ತ ಸರಿ. ಯಾವ ಜಿಮ್ಮಿಗೆ ಹೋಗ್ತಿದ್ರಿ ಎಂದು ಕೇಳಿದರು. "ಬಣಕಲ್ ಹತ್ತಿರ, ಕಾಫಿ ಗೋದಾಮು" ಎಂದೆ. ಅವರು ನಕ್ಕರು, ನಾನು ನಗಲಿಲ್ಲ, ನಿಜವನ್ನೇ ಹೇಳಿದ್ದೆ.

ಆಪರೇಷನ್ ಆಯಿತು. ಎಚ್ಚರವಾದಾಗ ಅಮ್ಮ ನನ್ನ ಹಾಸಿಗೆಯ ಪಕ್ಕ ನಿಂತು ಅಳುತ್ತಾ ನಗುತ್ತಾ, "ಮಗು ಒಂದಕ್ಕೆ ಹೋಯ್ತು ಕಣೇ, ಒಂದಕ್ಕೆ ಹೋಯ್ತು" ಎನ್ನುತ್ತಿದ್ದರು. ತಿಂಗಳುಗಟ್ಟಲೆ ಒಂದು ಹನಿ ಮೂತ್ರ ಬಾರದಿದ್ದ ತಮ್ಮನಿಗೆ ಈಗ ಚೀಲ ತುಂಬುತ್ತಿತ್ತು. ಅಷ್ಟು ಸಂತೋಷದ ಸುದ್ದಿ ನನ್ನ ಜನ್ಮದಲ್ಲಿ ಇನ್ನೊಂದು ಕೇಳಿಲ್ಲ. ವಾರದ ಮೇಲೆ ಮೇಸ್ತ್ರಿ ಬಸ್ಸು ಹತ್ತಿ ಬಂದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ನನ್ನನ್ನು ಮಾತಾಡಿಸಿ, ಗಾಜಿನಾಚೆ ಇದ್ದ ತಮ್ಮನನ್ನು ನೋಡಿದರು. ಅವನ ಹಾಸಿಗೆಯ ಕೆಳಗೆ ತೂಗುತ್ತಿದ್ದ ಮೂತ್ರದ ಚೀಲವನ್ನು ತಲೆ ಓರೆ ಮಾಡಿ ನೋಡಿ, "ಒಂದೂವರೆ ಕಿಲೋಗೆ ಮೋಸ ಇಲ್ಲ" ಎಂದರು.

ಅದಾದ ಮೇಲೂ ಎಂಟು ವರ್ಷ ನಮ್ಮ ಕಣದಲ್ಲಿದ್ದರು. ನಾನು ಮತ್ತೆ ದಪ್ಪವಾಗಲಿಲ್ಲ, ಆಗಲು ಅವರು ಬಿಡಲಿಲ್ಲ. ಸೋಮವಾರ ಬಂತೆಂದರೆ ಗೋದಾಮಿನ ಬಾಗಿಲಲ್ಲಿ ನಿಂತು, ತೂಕಕ್ಕೆ ಬನ್ನಿ ಎಂಬಂತೆ ಕೆಮ್ಮುತ್ತಿದ್ದರು. ತಮ್ಮ ಮತ್ತೆ ಅಂಗಡಿ ತೆರೆದ, ಮದುವೆಯಾದ, ಮಗಳಾದಳು. ಅವನಿಗೆ ಕಿಡ್ನಿ ಕೊಟ್ಟವಳು ನಾನು ಎಂದು ಎಲ್ಲರೂ ಹೊಗಳುತ್ತಾರೆ. ಕೊಡುವಷ್ಟು ಆರೋಗ್ಯ ನನಗೆ ಕೊಟ್ಟವರು ಯಾರು ಎಂದು ನಾನೇ ಹೇಳಬೇಕು, ಅದಕ್ಕೇ ಇದನ್ನು ಬರೆದೆ.

ಮೇಸ್ತ್ರಿ ತೀರಿಕೊಂಡದ್ದು ಘಟ್ಟದ ಕೆಳಗೆ, ಸ್ವಂತ ಊರಿನಲ್ಲಿ, ಎದೆನೋವು ಬಂದು ಒಂದೇ ದಿನಕ್ಕೆ. ಸುದ್ದಿ ಬಂದ ಕೂಡಲೇ ನಾನೂ ತಮ್ಮನೂ ಜೀಪಿನಲ್ಲಿ ಇಳಿದೆವು. ಸುಡುವ ಜಾಗ ಅವರ ಮನೆಯ ಹಿಂದಿನ ಗುಡ್ಡದ ಮೇಲೆ, ನೆಟ್ಟನೆಯ ಏರು. ಚಟ್ಟ ಎತ್ತುವಾಗ ಅವರ ಇಬ್ಬರು ಗಂಡುಮಕ್ಕಳು ಮುಂದೆ, ಅಳಿಯ ಹಿಂದೆ. ನಾಲ್ಕನೆಯ ಹೆಗಲಿಗೆ ನನ್ನ ತಮ್ಮ ಹೋಗಿ ನಿಂತ. ಬೇಡ ಕಣೋ, ಡಾಕ್ಟರು ಭಾರ ಎತ್ತಬಾರದು ಅಂದಿದ್ದಾರೆ ಎಂದು ನಾನು ತೋಳು ಹಿಡಿದೆ.

"ಸುಮ್ನಿರೆ ಅಕ್ಕ" ಎಂದು ಕೈ ಬಿಡಿಸಿಕೊಂಡ.

ನಾನು ಹಿಂದೆಯೇ ಹತ್ತಿದೆ. ಅರ್ಧ ದಾರಿಗೆ ಯಾರೋ ಬಂದು, ಕೊಡಿ ನಾವು ಹಿಡೀತೀವಿ ಎಂದರು. ಅವನು ತಲೆ ಅಲ್ಲಾಡಿಸಿದ. ಗುಡ್ಡದ ನೆತ್ತಿ ಮುಟ್ಟುವವರೆಗೆ ನನ್ನ ತಮ್ಮ ಎಲ್ಲಿಯೂ ನಿಲ್ಲಲಿಲ್ಲ.