ಗಿರಣಿ ಗಂಗಕ್ಕನ ಮುಗಿಯದ ಕತೆಗಳು

ಗಂಗಕ್ಕನ ಹುಬ್ಬು ಬೆಳಿಗ್ಗೆ ಕಪ್ಪಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ನರೆತುಬಿಡುತ್ತದೆ, ಸಂಜೆ ಮುಖ ತೊಳೆದ ಮೇಲೆ ಮತ್ತೆ ಪ್ರಾಯಕ್ಕೆ ಬರುತ್ತದೆ. ಕೊಟ್ಟೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಹೆಂಗಸಿಗೆ ಇದು ದಿನದ ಪಾಡು. ಬೋರ್ಡಿನ ಮೇಲೆ ಗಂಡ ಕೊಟ್ರಸ್ವಾಮಿಯ ಹೆಸರಿದೆ. ಅದು ಬೋರ್ಡಿನ ಮಟ್ಟಿಗೆ. ಬೆಲ್ಟು, ಮೋಟಾರು, ಕಲ್ಲು ಇವುಗಳ ಯೋಗಕ್ಷೇಮ ಗಂಡನದಾದರೆ ಜನರ ಯೋಗಕ್ಷೇಮ ಹೆಂಡತಿ ಗಂಗಾಂಬಿಕಾಳದು. ಹಾಗಾಗಿ ಊರವರ ಬಾಯಲ್ಲಿ ಅದು ಗಂಗಕ್ಕನ ಗಿರಣಿ. ಕತೆ ಬರೆಯುವವರು ಕಿಟಕಿ ಪಕ್ಕ ಕೂತು ಮೋಡ ನೋಡುತ್ತಿರುತ್ತಾರೆಂದು ನಂಬಿದವರು ಯಾರಾದರೂ ಇದ್ದರೆ ಒಮ್ಮೆ ಇಲ್ಲಿಗೆ ಬರಬೇಕು. ಇವಳು ಮಕ್ಕಳಿಗಾಗಿ ಕತೆ ಬರೆಯುವವಳು, ಅದೂ ಜೋಳದ ಚೀಲದ ಮೇಲೆ ಕೂತು.

ಕತೆ ಶುರುವಾದದ್ದು ಕರೆಂಟಿನ ದೆಸೆಯಿಂದ. ಗಿರಣಿಗೆ ಜೋಳ ಹೊತ್ತು ತರುವವರು ಹೆಚ್ಚಾಗಿ ಮಕ್ಕಳು. ಶಾಲೆ ಬಿಟ್ಟ ಮೇಲೆ ಅವ್ವಂದಿರು ತಲೆಗೆ ಡಬ್ಬಿ ಏರಿಸಿ ಕಳಿಸುತ್ತಾರೆ. ಬಂದು ಪಾಳಿಗೆ ಡಬ್ಬಿ ಇಟ್ಟ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತದೆ. ಹಿಟ್ಟಿಲ್ಲದೆ ಮನೆಗೆ ಹೋದರೆ ಬೈಗುಳ, ಇಲ್ಲೇ ಕೂತರೆ ಬೇಸರ. ಬೇಸರಕ್ಕೆ ಹುಡುಗರು ಬೆಲ್ಟು ಎಳೆದು ನೋಡುತ್ತಾರೆ, ಡಬ್ಬಿ ಬಡಿಯುತ್ತಾರೆ, ಒಬ್ಬರ ಜೋಳ ಇನ್ನೊಬ್ಬರ ಡಬ್ಬಿಗೆ ಸುರಿಯುತ್ತಾರೆ. ಅವರ ಕೈ ಸುಮ್ಮನಿರಲೆಂದು ಗಂಗಕ್ಕ ಕತೆ ಹೇಳತೊಡಗಿದಳು. ಉಚ್ಚಂಗಿದುರ್ಗದ ಮೆಟ್ಟಿಲು ಹತ್ತಲು ಹೊರಟ ಬಾವಿ, ಹಡಗಲಿಗೆ ಹೂ ತರಲು ಹೋಗಿ ಮೂಗು ಕಳೆದುಕೊಂಡು ಬಂದ ಮುದುಕ, ಯಾರ ಮಾತನ್ನೂ ಕೇಳದ ಹಂಪಸಾಗರದ ಮೀನು, ಹೀಗೆ ಬಾಯಿಗೆ ಬಂದದ್ದು.

ಈ ಕತೆಗಳಿಗೆಲ್ಲ ಒಂದೇ ಊನ. ಯಾವುದಕ್ಕೂ ಕೊನೆಯಿಲ್ಲ. ಕತೆ ರಂಗೇರಿ, ಮುದುಕ ಇನ್ನೇನು ಸೀನಬೇಕು ಅನ್ನುವಷ್ಟರಲ್ಲಿ ಬಲ್ಬು ಹತ್ತಿಕೊಳ್ಳುತ್ತದೆ, ಕೊಟ್ರಸ್ವಾಮಿ ಒಳಗಿನಿಂದ "ಬಂತು" ಅನ್ನುತ್ತಾನೆ, ಗಂಗಕ್ಕ ಸ್ವಿಚ್ ಒತ್ತುತ್ತಾಳೆ. ಕಲ್ಲು ತಿರುಗಿದ ಮೇಲೆ ಪಕ್ಕದವರ ಕೆಮ್ಮೂ ಕೇಳುವುದಿಲ್ಲ, ಇನ್ನು ಕತೆ ಎಲ್ಲಿ ಕೇಳೀತು? ಮಕ್ಕಳು ಬಿಸಿ ಹಿಟ್ಟಿನ ಡಬ್ಬಿ ಮತ್ತು ಅರ್ಧ ಕತೆ ಹೊತ್ತುಕೊಂಡು ಮನೆಗೆ ಹೋಗುತ್ತಾರೆ. ಮೂಗು ಸಿಕ್ಕಿತು, ಇಲ್ಲ ಸಿಗಲಿಲ್ಲ ಎಂದು ದಾರಿಯುದ್ದಕ್ಕೂ ಜಗಳ. ಮುಂದಿನ ಸಲ ಬಂದಾಗ ತಮ್ಮ ತಮ್ಮ ಕೊನೆಯನ್ನು ತಂದು ಒಪ್ಪಿಸುತ್ತಾರೆ. ಗಂಗಕ್ಕ ಎಲ್ಲಕ್ಕೂ ಹೌದು ಹೌದು ಅನ್ನುತ್ತಾಳೆ. ಕತೆ ಅಂದರೆ ಇರುವುದೇ ಹೀಗೆ ಎಂದು ಅವಳು ತಿಳಿದಿದ್ದಳು.

ಬರೆಯುವುದು ಬೆಳಿಗ್ಗೆ. ರೊಟ್ಟಿ ಬಡಿದು, ಗಿರಣಿ ಬಾಗಿಲು ತೆಗೆದು, ಕಸ ಹೊಡೆದ ಮೇಲೆ ಮೊದಲ ಡಬ್ಬಿ ಬರುವವರೆಗಿನ ಹೊತ್ತು ಅವಳದು. ಅದು ಪುಸ್ತಕವಾಗಬೇಕೆಂಬ ಆಸೆಗೂ ಕಾರಣವಿತ್ತು. ಮಗ ಚಿಕ್ಕವನಿದ್ದಾಗ ಅವನಿಗೆಂದು ತಂದ ಪುಸ್ತಕಗಳಲ್ಲಿ ರಾಜಕುಮಾರರಿದ್ದರು, ಸಿಂಹಗಳಿದ್ದವು, ಒಂದರಲ್ಲಂತೂ ಮೊದಲಿಂದ ಕೊನೆಯವರೆಗೆ ಹಿಮ ಬೀಳುತ್ತಿತ್ತು. ತಲೆ ಮೇಲೆ ಜೋಳದ ಡಬ್ಬಿ ಹೊತ್ತ ಮಗು ಮಾತ್ರ ಯಾವುದರಲ್ಲೂ ಇರಲಿಲ್ಲ. ನಮ್ಮ ಮಕ್ಕಳೇನು ಕತೆಗೆ ಬೇಡವಾದವರೇ ಎಂದು ಅವಳಿಗೆ ಸಿಟ್ಟು ಬಂದಿತ್ತು. ಜೊತೆಗೆ ತನ್ನ ಹೆಸರನ್ನು ಅಚ್ಚಿನಲ್ಲಿ ನೋಡುವ ಆಸೆಯೂ ಇತ್ತು. ಇರಲಿಲ್ಲ ಎಂದರೆ ಸುಳ್ಳಾದೀತು.

ಆದರೆ ಪ್ರಕಾಶಕರ ಬಾಗಿಲು ಗಿರಣಿಯ ಬಾಗಿಲಲ್ಲ. ಒಬ್ಬರು ಉತ್ತರವನ್ನೇ ಕೊಡಲಿಲ್ಲ. ಇನ್ನೊಬ್ಬರು ಯಾವ ಶಾಲೆಯಲ್ಲಿ ಟೀಚರು ಎಂದು ಕೇಳಿದರು, ಶಾಲೆಯಲ್ಲ ಗಿರಣಿ ಅಂದ ಮೇಲೆ "ಒಳ್ಳೇದು, ಒಳ್ಳೇದು" ಎಂದು ಫೋನ್ ಇಟ್ಟರು. ಮತ್ತೊಬ್ಬರು ಪ್ರತಿ ಕತೆಗೂ ಒಂದು ನೀತಿ ಬೇಕು ಅಂದರು. ಮೂಗು ಕಳೆದುಕೊಂಡ ಮುದುಕನಿಂದ ಯಾವ ನೀತಿ ಹಿಂಡುವುದೆಂದು ಗಂಗಕ್ಕ ಬಹಳ ತಲೆ ಕೆಡಿಸಿಕೊಂಡಳು.

"ಮೂಗು ಭದ್ರ ಇಟ್ಕೋಬೇಕು ಅಂತ ಬರಿ," ಅಂದ ಕೊಟ್ರಸ್ವಾಮಿ.

ಅವಳಿಗೆ ನಗು ಬಂತು, ನೀತಿ ಬರಲಿಲ್ಲ. ಬೇಜಾರಾದರೂ ಅದು ಬಹಳ ಹೊತ್ತು ನಿಲ್ಲುವ ಬೇಜಾರಲ್ಲ. ಸಂಜೆ ಕರೆಂಟು ಹೋಗುತ್ತಿತ್ತು, ಮಕ್ಕಳು ಸುತ್ತ ಕೂರುತ್ತಿದ್ದರು, ಪ್ರಕಾಶಕರು ಅವಳ ತಲೆಯಿಂದ ಎದ್ದು ಹೋಗುತ್ತಿದ್ದರು.

ಕೊನೆಗೆ ಬಾಗಿಲು ತೆರೆದದ್ದು ಹಂಪೇಶನ ಜಾಣತನದಿಂದ. ಹಂಪೇಶ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟವನು, ಗಂಗಕ್ಕ ಬರೆದದ್ದನ್ನು ಟೈಪ್ ಮಾಡಿ ಅವಳು ಹೇಳಿದಲ್ಲಿಗೆ ಕಳಿಸುವವನು. ಈ ಸಲ ಆರು ಕತೆ ಟೈಪ್ ಮಾಡುವಾಗ ಅವನಿಗೆ ಅನುಮಾನ ಬಂತು. ಒಂದೊಂದೂ ಅರ್ಧಕ್ಕೇ ನಿಂತಿದೆ, ಹಾಳೆ ಎಲ್ಲೋ ಬಿದ್ದು ಹೋಗಿರಬೇಕು. ಅಕ್ಕನನ್ನು ಕೇಳಿದರೆ ನೊಂದುಕೊಂಡಾಳೆಂದು ತಾನೇ ಪ್ರತಿ ಕತೆಯ ಕೆಳಗೆ 'ಮುಂದುವರಿಯುವುದು' ಎಂದು ಸೇರಿಸಿ ಧಾರವಾಡದ ಒಂದು ಪ್ರಕಾಶನಕ್ಕೆ ಕಳಿಸಿಬಿಟ್ಟ. ಅಲ್ಲಿ ಮಕ್ಕಳ ಪುಸ್ತಕ ನೋಡಿಕೊಳ್ಳುವ ಭೀಮರಾಜ ಎಂಬವರು ಅದನ್ನು ಓದಿದರು, ಮುಂದಿನದಕ್ಕಾಗಿ ಕಾದರು, ಕಾದು ಕಾದು ತಡೆಯಲಾರದೆ ಫೋನ್ ಮಾಡಿದರು.

"ಮೇಡಮ್ಮರ, ಉಳಿದ ಭಾಗ ಯಾವಾಗ ಕಳಸ್ತೀರಿ?"

"ಯಾವ ಭಾಗರಿ?"

"ಕತಿ ಮುಂದಿಂದು. ಆ ಗಿರಣಿಗೆ ಬಂದ ಕರಡಿ ಏನಾತು?"

"ನನಗ ಗೊತ್ತಿಲ್ರಿ," ಅಂದಳು ಗಂಗಕ್ಕ. ನಿಜಕ್ಕೂ ಗೊತ್ತಿರಲಿಲ್ಲ.

"ಬರದವರು ನೀವ ಹೌದಲ್ಲರಿ?"

"ಬರದಾಕಿ ನಾನರಿ. ಆದ್ರ ಅಷ್ಟರಾಗ ಕರೆಂಟ್ ಬರ್ತತಿ."

ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ ಭೀಮರಾಜರು ನಕ್ಕು ನಕ್ಕು ಸುಸ್ತಾದರು. ಆಮೇಲೆ ನಗು ನಿಲ್ಲಿಸಿ ಹೇಳಿದರು: ಕತೆಗಳು ತಮಗೆ ಬಹಳ ಹಿಡಿಸಿವೆ, ಪುಸ್ತಕ ಮಾಡುತ್ತೇವೆ, ಆದರೆ ಗಿರಣಿಯ ಮಕ್ಕಳು ಗುಂಪಿನಲ್ಲಿ ಜಗಳವಾಡಿ ಕೊನೆ ಕಟ್ಟುತ್ತಾರೆ, ಪುಸ್ತಕ ಓದುವ ಮಗು ಒಂಟಿ. "ಅದರ ಕೈ ಅರ್ಧ ದಾರಿಗೆ ಬಿಡಬ್ಯಾಡ್ರಿ," ಅಂದರು. ನಾಗರಪಂಚಮಿ ಕಳೆದ ಮೇಲೆ ಈ ವರ್ಷದ ಪುಸ್ತಕಗಳು ಅಚ್ಚಿಗೆ ಹೋಗುತ್ತವೆ. ಅಷ್ಟರೊಳಗೆ ಆರಕ್ಕೂ ಕೊನೆ ಬಂದರೆ ಸರಿ, ಬಾರದಿದ್ದರೆ ಆ ಜಾಗಕ್ಕೆ ಬೇರೆಯವರ ಪುಸ್ತಕ.

ಒಂಟಿ ಮಗುವಿನ ಮಾತು ಗಂಗಕ್ಕನಿಗೆ ನಾಟಿತು. ಮರುದಿನವೇ ಕೂತಳು. ಐದು ಕತೆಗಳ ಕೆಲಸ ಸಲೀಸಾಗಿ ಆಯಿತು, ಮಕ್ಕಳು ಇಷ್ಟು ವರ್ಷ ತಂದುಕೊಟ್ಟ ಕೊನೆಗಳೇ ಬೇಕಾದಷ್ಟಿದ್ದವು. ಮುದುಕನ ಮೂಗು ಹಡಗಲಿಯ ಮಲ್ಲಿಗೆ ಬುಟ್ಟಿಯಲ್ಲೇ ಸುಖವಾಗಿತ್ತು, ಎಷ್ಟು ಕರೆದರೂ ವಾಪಸು ಬರಲು ಒಪ್ಪಲಿಲ್ಲ.

ಉಳಿದದ್ದು ಕರಡಿ. ಕೂಡ್ಲಿಗಿ ಆಚೆಯ ಗುಡೇಕೋಟೆ ಗುಡ್ಡದ ಕರಡಿಯೊಂದು ಒಣಗಿದ ಬೋರೆಹಣ್ಣನ್ನು ಡಬ್ಬಿಯಲ್ಲಿ ತುಂಬಿಕೊಂಡು ಹಿಟ್ಟು ಮಾಡಿಸಲು ಗಿರಣಿಗೆ ಬರುತ್ತದೆ, ಎಲ್ಲರಂತೆ ಪಾಳಿಯಲ್ಲಿ ನಿಲ್ಲುತ್ತದೆ. ಅದರ ಮರಿ ಗುಡ್ಡದಲ್ಲಿ ಹಸಿದು ಕೂತಿದೆ. ಕರಡಿಯ ಪಾಳಿ ಬರುವ ಹೊತ್ತಿಗೆ ಕರೆಂಟು ಹೋಗುತ್ತದೆ. ಕತೆ ಅಲ್ಲಿಗೆ ನಿಂತು ಎಷ್ಟೋ ಕಾಲವಾಗಿತ್ತು. ಇದಕ್ಕೆ ಮಕ್ಕಳು ತಂದ ಕೊನೆಗಳೂ ಅಷ್ಟಕ್ಕಷ್ಟೆ. ಒಬ್ಬನಂತೂ ಕರಡಿಯ ಕೈಗೆ ಮೊಬೈಲ್ ಕೊಟ್ಟು ಲೈನ್‌ಮನ್‌ಗೆ ಫೋನ್ ಮಾಡಿಸಿದ್ದ. ಗಂಗಕ್ಕ ತಾನೇ ಬರೆದಳು: ಕರೆಂಟು ಬಂತು, ಹಿಟ್ಟಾಯಿತು, ಕರಡಿ ಮನೆಗೆ ಹೋಯಿತು. ಓದಿ ನೋಡಿದರೆ ಉಪ್ಪಿಲ್ಲದ ಸಾರು. ಹರಿದು ಹಾಕಿದಳು. ಇನ್ನೊಂದರಲ್ಲಿ ಮರಿಯೇ ತಾಯಿಯನ್ನು ಹುಡುಕಿಕೊಂಡು ಬಂತು. ಅದನ್ನೂ ಹರಿದಳು.

"ನಿನಗ ಮುಗಸೋದು ಬರಂಗಿಲ್ಲ ಬಿಡು," ಅಂದ ಕೊಟ್ರಸ್ವಾಮಿ. "ಮದಿವಿ ಆದ ವರ್ಷ ಶುರು ಮಾಡಿದ ಜಗಳಾನ ಇನ್ನೂ ಮುಗಿಸಿಲ್ಲ."

"ಅದ್ರಾಗ ತಪ್ಪು ನಿಮ್ದ ಐತಿ. ಒಪ್ಪಿಕೊಂಡ್ರ ಇವತ್ತ ಮುಗಸ್ತೀನಿ."

ನಗುತ್ತಲೇ ಅಂದಳು, ಆದರೆ ಒಳಗೆ ಹೆದರಿಕೆ. ಇಷ್ಟು ವರ್ಷ ಕಾದ ಮೇಲೆ ಕೈಗೆ ಬಂದ ತುತ್ತು ಒಂದು ಕರಡಿಯಿಂದಾಗಿ ಬಾಯಿಗೆ ಬರದೆ ಹೋದೀತೆ? ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಕೊನೆ ಹೇಳಿಬಿಟ್ಟರೆ ಕರಡಿ ಗಿರಣಿ ಬಿಟ್ಟು ಹೋಗುತ್ತದೆ, ಮತ್ತೆ ಬರುವುದಿಲ್ಲ. ಅಷ್ಟು ಕಾಲ ತನ್ನ ಗಿರಣಿಯಲ್ಲಿ ಪಾಳಿ ಕಾದ ಪ್ರಾಣಿಯ ಮೇಲೆ ಅವಳಿಗೆ ಪ್ರೀತಿ ಬೆಳೆದಿತ್ತು. ಇದನ್ನು ಗಂಡನಿಗೂ ಹೇಳಲಿಲ್ಲ, ಹೇಳಿದ್ದರೆ ಅವನು ಕರಡಿಗೊಂದು ಕೋಣೆ ಕಟ್ಟಿಸುವ ಮಾತಾಡುತ್ತಿದ್ದ.

ಪಂಚಮಿ ಹತ್ತಿರ ಬಂದೇ ಬಂತು. ತವರಿಗೆ ಬಂದ ಹೆಣ್ಣುಮಕ್ಕಳಿಗೆ ಉಂಡೆ ಕಟ್ಟಬೇಕು, ತಂಬಿಟ್ಟು ಮಾಡಬೇಕು. ಗಿರಣಿಯಲ್ಲಿ ಕಾಲಿಡಲು ಜಾಗವಿಲ್ಲ. ಮಕ್ಕಳ ಜೊತೆ ಹೆಂಗಸರೂ ಬಂದು ನಿಂತಿದ್ದರು. ಸಂಜೆ ಗಾಳಿ ಎದ್ದು ಕರೆಂಟು ಹೋಯಿತು. ಎಲ್ಲರಿಗಿಂತ ಅವಸರ ಹೊನ್ನೂರಮ್ಮನಿಗೆ. ಹಿಂದಿನ ಓಣಿಯವಳು, ಬಾಯಿ ಜೋರು, ಮನೆ ತುಂಬ ಹೆಣ್ಣುಮಕ್ಕಳು ಬಂದು ಕೂತಿದ್ದರು. ಕಡಲೆಹಿಟ್ಟು ಆಗದೆ ಒಲೆ ಹೊತ್ತಿಸುವಂತಿಲ್ಲ ಎಂದು ಅವಳು ಕರೆಂಟಿನವರಿಗೆ ಒಂದು ಸುತ್ತು ಬೈದು ಮುಗಿಸುವಷ್ಟರಲ್ಲಿ ಮಕ್ಕಳು ಗಂಗಕ್ಕನ ಸುತ್ತ ಕೂತಾಗಿತ್ತು.

"ಕರಡಿ ಕತಿ ಹೇಳಕ್ಕಾ," ಅಂದಳು ಉಚ್ಚಂಗೆಮ್ಮ. ಅಜ್ಜಿಯ ಹೆಸರು ಹೊತ್ತ ಚೋಟುದ್ದದ ಹುಡುಗಿ, ಡಬ್ಬಿಯ ಮೇಲೇ ಕೂರುವ ಚಾಳಿಯವಳು.

ಗಂಗಕ್ಕ ಹೇಳಿದಳು. ಕರಡಿ ಗುಡ್ಡ ಇಳಿಯಿತು, ಪಾಳಿಯಲ್ಲಿ ನಿಂತಿತು, ಮುಂದಿನವರ ಡಬ್ಬಿ ಹಿಟ್ಟಾಯಿತು, ಕರಡಿಯ ಪಾಳಿ ಬಂತು, ಕರೆಂಟು ಹೋಯಿತು. ಅಷ್ಟರಲ್ಲಿ ಗಿರಣಿಯ ಬಲ್ಬು ಹತ್ತಿಕೊಂಡಿತು. "ಬಂತು," ಅಂದ ಕೊಟ್ರಸ್ವಾಮಿ ಒಳಗಿನಿಂದ. ಮಕ್ಕಳು ಎಂದಿನಂತೆ ಎದ್ದು ಡಬ್ಬಿ ಹಿಡಿದರು. ಗಂಗಕ್ಕನ ಕೈ ಸ್ವಿಚ್ಚಿನ ತನಕ ಹೋಯಿತು, ಅಲ್ಲೇ ನಿಂತಿತು.

"ಹಾಕು ಗಂಗವ್ವ, ಮತ್ತ ಹೋದೀತು," ಅಂದಳು ಹೊನ್ನೂರಮ್ಮ.

"ಒಂಚೂರು ತಡೀರಿ ಯಕ್ಕಾ," ಅಂದಳು ಗಂಗಕ್ಕ. "ಈಗ ಕರಡಿ ಪಾಳಿ ಐತಿ."

ಆ ಗಿರಣಿಯಲ್ಲಿ ಕರೆಂಟಿದ್ದೂ ಕಲ್ಲು ನಿಂತದ್ದು ಅದೇ ಮೊದಲು. ಕೊಟ್ರಸ್ವಾಮಿ ಬಾಗಿಲಿಗೆ ಬಂದು ಇಣುಕಿದ, ಹೆಂಡತಿಯ ಮುಖ ನೋಡಿ ಹೊಸ್ತಿಲ ಮೇಲೆ ಕೂತ. ಮಕ್ಕಳು ಮೆಲ್ಲಗೆ ಮತ್ತೆ ಕೂತರು. ಗಂಗಕ್ಕನಿಗೆ ಮುಂದಿನದು ಗೊತ್ತಿರಲಿಲ್ಲ. ಎದುರಿಗೆ ಹೆಂಗಸರು ನಿಂತಿದ್ದರು, ಕೆಲವರ ಕೈಯಲ್ಲಿ ಹಿಟ್ಟಿಗೆಂದು ತಂದ ಖಾಲಿ ಬಟ್ಟಲು, ಕೆಲವರ ಕಂಕುಳಲ್ಲಿ ಆಗಲೇ ಹಿಟ್ಟು ತುಂಬಿದ ಡಬ್ಬಿ. ಅವರನ್ನು ನೋಡುತ್ತಲೇ ಹೇಳಿದಳು:

"ಕರಡಿ ಅಂತು, ಯವ್ವಾ, ನನ್ನ ಮರಿ ಹಸದೈತಿ, ಕರೆಂಟ್ ಬರೋ ಮಟ ಕುಂದ್ರಾಕ ಆಗಂಗಿಲ್ಲ. ಆಗ ಅಲ್ಲಿ ಒಬ್ಬಾಕಿ ತನ್ನ ಡಬ್ಬಿ ತಗದು ಒಂದು ಬೊಗಸಿ ಹಿಟ್ಟು ಕೊಟ್ಲು. ಮನ್ಯಾಗ ಹಿಟ್ಟು ತೀರಿದ್ರ ನಾವು ಬಾಜೂ ಮನಿಯಾಗ ಕಡ ತರೂದಿಲ್ಲೇನು, ಹಂಗ. ಆಕಿನ್ನ ನೋಡಿ ಇನ್ನೊಬ್ಬಾಕಿ ಕೊಟ್ಲು. ಎಲ್ಲಾರೂ ಕೊಟ್ರು. ಜ್ವಾಳದ್ದು, ರಾಗೀದು, ಕಡ್ಲೀದು, ಎಲ್ಲಾ ಕೂಡಿ ಕರಡಿ ಡಬ್ಬಿ ತುಂಬ್ತು. ಕರಡಿ ತನ್ನ ಬಾರಿಹಣ್ಣು ಅಲ್ಲೇ ಪಾಳಿಗೆ ಇಟ್ಟು, ಕಡ ಒಯ್ದೀನಿ, ತಿರುಗಿ ಕೊಡ್ತೀನಿ ಅಂತ ಹೇಳಿ ಗುಡ್ಡ ಹತ್ತಿತು. ಮರಿ ಹೊಟ್ಟಿ ತುಂಬ ಉಂಡು ಮಲಗಿತು." ಅವಳು ಉಸಿರು ಎಳೆದುಕೊಂಡಳು. "ಮುಗೀತು."

ಮಕ್ಕಳು ಅಲುಗಲಿಲ್ಲ. ಜಗಳವಾಡಲು ಏನೂ ಉಳಿದಿರಲಿಲ್ಲ. ಕರಡಿಯನ್ನು ಕಳೆದುಕೊಂಡೆನೇನೋ ಎಂದು ಗಂಗಕ್ಕ ಅಂದುಕೊಳ್ಳುತ್ತಿದ್ದಾಗ ಉಚ್ಚಂಗೆಮ್ಮ ಡಬ್ಬಿಯ ಮೇಲಿಂದ ಕೇಳಿದಳು, "ಕಡ ಕೊಡಾಕ ಯಾವತ್ತ ಬರ್ತತಿ ಅದು?"

ಗಂಗಕ್ಕ ಬಾಯಿ ತೆರೆಯುವ ಮೊದಲೇ ಹೊನ್ನೂರಮ್ಮ ಹೇಳಿದಳು, "ಬಂದ ಬರ್ತತಿ ತಗಾ. ಕಡ ಒಯ್ದು ಮುಖ ತೋರಸದಂಗ ಇರಾಕ ಅದೇನು ಮನುಷ್ಯಾ?"

ಗಿರಣಿಗೆ ಗಿರಣಿಯೇ ನಕ್ಕಿತು. ಗಂಗಕ್ಕ ಎಲ್ಲರಿಗಿಂತ ಹೆಚ್ಚು ನಕ್ಕಳು, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು, ಹಿಟ್ಟು ಕಣ್ಣಿಗೆ ಹೋಗಿ ಇನ್ನಷ್ಟು ಉರಿಯಿತು. ಆಮೇಲೆ ಸ್ವಿಚ್ ಒತ್ತಿದಳು. ಕಲ್ಲಿಗೆ ಮೊದಲು ಬಿದ್ದದ್ದು ಹೊನ್ನೂರಮ್ಮನ ಕಡಲೆ.

ದೀಪಾವಳಿಯ ಹೊತ್ತಿಗೆ ಪುಸ್ತಕ ಅಚ್ಚಾಗಿ ಬಂತು. ಕರಡಿ ಕತೆಯ ಕೊನೆಯ ಸಾಲು ಹೊನ್ನೂರಮ್ಮ ಹೇಳಿದ್ದೇ, ಭೀಮರಾಜರು ಅದರಲ್ಲಿ ಒಂದಕ್ಷರವನ್ನೂ ತಿದ್ದಿರಲಿಲ್ಲ.